ಬೀಗರ ಕಾರನ್ನು ಹಿಂದೆ ಹಾಕಿದ್ದು

“ದಸ್ತಗೀರ, ಈ ಗಾಡಿಯೊಳಗ ಏನದ ಅಂಬೋದು ಇಡೀ ರಾಯಚೂರಾಗ ಇಬ್ಬರಿಗೇ ಗೊತ್ತಿರಬೇಕು. ಒಂದು ನಿನಗ, ಒಂದು ನನಗ. ಮೂರನೇದವನ ಕಿವಿಗಿ ಬಿದ್ದರ ನಾ ಮಲ್ಲಯ್ಯನೇ ಅಲ್ಲ.”

“ಮನ್ಯಾಗ ಅಕ್ಕಾರಿಗೂ ಹೇಳಂಗಿಲ್ಲೇನ್ರಿ?”

“ಆಕಿಗಂತೂ ಮೊದಲೇ ಹೇಳಂಗಿಲ್ಲ.”

ಹೀಗೆಂದು ಅಕ್ಕಿ ಗಿರಣಿಯ ಮಲ್ಲಯ್ಯ, ೧೯೮೨ರ ದೀಪಾವಳಿಯ ಮರುದಿನ, ಮೆಕ್ಯಾನಿಕ್ ಗುಲಾಮ್ ದಸ್ತಗೀರನ ಶೆಡ್ಡಿನಲ್ಲಿ ನಿಂತು ಭೀಷ್ಮಪ್ರತಿಜ್ಞೆ ಮಾಡಿದ. ಭೀಷ್ಮನಾದರೂ ತನ್ನ ಮದುವೆಯನ್ನಷ್ಟೇ ಕೆಡಿಸಿಕೊಂಡಿದ್ದ. ಮಲ್ಲಯ್ಯ ಕೆಡಿಸಿದ್ದು ಮಗಳ ಮದುವೆಯನ್ನು.

ಹೊರಗಿನಿಂದ ನೋಡಿದರೆ ಅದೊಂದು ಮುದಿ ಅಂಬಾಸಿಡರ್. ಅದರ ಬಣ್ಣ ಯಾವುದೆಂದು ತಿಳಿಯಲು ಆರ್.ಸಿ. ಪುಸ್ತಕವನ್ನೇ ತೆಗೆದು ನೋಡಬೇಕಿತ್ತು. ಹಿಂದಿನ ಎಡಬಾಗಿಲನ್ನು ಅಕ್ಕಿಚೀಲ ಹೊಲಿಯುವ ಸುತಳಿಯಿಂದ ಕಟ್ಟಿದ್ದರು. ಕೂರುವ ಸೀಟಿನಿಂದ ತೆಂಗಿನ ನಾರು ಹೊರಬಂದು ಕೂತವರಿಗೆಲ್ಲ ಚುಚ್ಚುತ್ತಿತ್ತು. ಆದರೆ ಬಾನೆಟ್ಟಿನ ಕೆಳಗೆ ಮಲಗಿದ್ದು ಎಂಟು ಸಿಲಿಂಡರಿನ ಅಮೆರಿಕದ ಇಂಜಿನ್! ಹೈದರಾಬಾದಿನ ಯಾರೋ ಜಾಗೀರದಾರರ ಉದ್ದನೆಯ ಕಾರು ಹುಣಸೆಮರಕ್ಕೆ ಗುದ್ದಿ ಗುಜರಿ ಸೇರಿತ್ತು. ಅದರ ಇಂಜಿನ್ನನ್ನು ದಸ್ತಗೀರ್ ತೌಡಿನ ಚೀಲಗಳ ನಡುವೆ ಲಾರಿಯಲ್ಲಿ ತಂದು, ಒಂದು ತಿಂಗಳು ಬಾಗಿಲು ಹಾಕಿಕೊಂಡು ಕೂತು, ಕೊಯ್ದು, ಬೆಸೆದು, ಬ್ರೇಕು ಬದಲಿಸಿ ಕೂರಿಸಿದ್ದ. ಹಳೆಯ ಗಾಡಿ ನಿಧಾನಕ್ಕೆ ಹೋಗುವಾಗ ಕೆಮ್ಮುತ್ತಿತ್ತು. ಆ ಕೆಮ್ಮನ್ನೂ ಹಾಗೇ ಉಳಿಸಿಕೊಡಬೇಕೆಂದು ಮಲ್ಲಯ್ಯ ಹಟ ಹಿಡಿದು, ಅದಕ್ಕಾಗಿಯೇ ಇನ್ನೂ ನಾಲ್ಕು ದಿನ ಕಾದ.

ಯಾಕೆ ಬೇಕಿತ್ತು ಇದು ಎಂದು ನೀವು ಕೇಳಬಹುದು. ಹೊಸ ಕಾರು ಕೊಂಡರೆ ಮರುದಿನವೇ ಚಂದಾ ಪುಸ್ತಕ ಹಿಡಿದವರು ಬರುತ್ತಾರೆ, ಮದುವೆಗೆ ಕಾರು ಕೊಡಿ ಎಂದು ನೆಂಟರು ಬರುತ್ತಾರೆ ಎಂದು ಮಲ್ಲಯ್ಯ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅದೆಲ್ಲ ನೆಪ. ನಿಜವಾದ ಸುಖ ಬೇರೆಯೇ ಇತ್ತು. ಭತ್ತ ನೋಡಲು ಕುರ್ಡಿಗೆ ಹೋಗುವಾಗ ಮಾನ್ವಿ ರಸ್ತೆಯಲ್ಲಿ ಯಾವನೋ ಹೊಸ ಜೀಪಿನವನು ಹಿಂದಿನಿಂದ ಹಾರ್ನ್ ಹೊಡೆದು, ಪಕ್ಕಕ್ಕೆ ಬಂದು, ಈ ಮುದಿ ಗಾಡಿಯನ್ನು ನೋಡಿ ನಕ್ಕು ಮುಂದೆ ಹೋಗುತ್ತಿದ್ದ. ಮಲ್ಲಯ್ಯ ಅವನಿಗೆ ಒಂದು ಫರ್ಲಾಂಗು ಬಿಟ್ಟುಕೊಟ್ಟು ಬಲಗಾಲನ್ನು ಸ್ವಲ್ಪವೇ ಒತ್ತುತ್ತಿದ್ದ. ಆಮೇಲೆ ಆ ಜೀಪು ಮೈಲಿ ದೂರ ಬರುವಷ್ಟರಲ್ಲಿ ಈತ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ, ತಂಬಿಗೆಯಿಂದ ನೀರು ಕುಡಿದು, ಬಾಯೊರೆಸಿಕೊಂಡು, ಏನೂ ಅರಿಯದ ಹಸುಗೂಸಿನಂತೆ ಆಕಾಶ ನೋಡುತ್ತ ಕೂತಿರುತ್ತಿದ್ದ. ಜೀಪಿನವನ ಮುಖ ನೋಡಿ ಬಂದ ದಿನ ಮಲ್ಲಯ್ಯನಿಗೆ ಎರಡು ರೊಟ್ಟಿ ಹೆಚ್ಚು ಹೋಗುತ್ತಿತ್ತು.

ಹೆಂಡತಿ ಬಸವಂತಮ್ಮನಿಗೆ ಮಾತ್ರ ಆ ಕಾರೆಂದರೆ ಮೈಯೆಲ್ಲ ಉರಿ. ಯಾರ ಮನೆಯ ಕಾರ್ಯಕ್ಕೆ ಹೋದರೂ ಆಕೆ ಒಂದು ಓಣಿ ಮೊದಲೇ ಇಳಿದು, ನಡೆದು ಬಂದವಳಂತೆ ಹೋಗುತ್ತಿದ್ದಳು.

“ಗಿರಣಿ ಮಾಲೀಕರ ಹೆಂಡತಿ ಅಂತಾರ. ಇಳಿಯೋವಾಗ ಸೀರಿಗಿ ಸುತಳಿ ಸಿಗಿಬೀಳ್ತದ. ಇದನ್ನ ಮಾರಿ ಒಂದು ಎತ್ತಿನ ಬಂಡಿ ತರ್ರಿ, ಅದಕ್ಕಾದ್ರೂ ಮರ್ಯಾದಿ ಅದ.”

“ಸಾದಾ ಇರಬೇಕು ನೋಡು. ಮನುಷ್ಯಾ ಒಳಗ ಗಟ್ಟಿ ಇದ್ರ ಸಾಕು.”

“ನೀವು ಗಟ್ಟಿ ಇರ್ರಿ, ಯಾರು ಬ್ಯಾಡಂದ್ರು. ಗಾಡಿ ಯಾಕ ಹಿಂಗಿರಬೇಕು?”

ಮಲ್ಲಯ್ಯ ಮೀಸೆಯೊಳಗೇ ನಗುತ್ತಿದ್ದ. ಹೆಂಡತಿ ಕೂತಾಗ ಮೂವತ್ತರ ಮೇಲೆ ಮುಳ್ಳು ಏರಿದರೆ ಗುಟ್ಟು ಹೊರಬಿದ್ದೀತೆಂದು ಆಕೆಯನ್ನು ಎರಡು ವರ್ಷ ಸೈಕಲ್ಲಿನ ವೇಗದಲ್ಲೇ ಊರೆಲ್ಲ ತಿರುಗಿಸಿದ.

ಹೀಗಿರುವಾಗ ಮಗಳು ಈರಮ್ಮನಿಗೆ ದೇವದುರ್ಗದ ಸಂಬಂಧ ಬಂತು. ಈರಮ್ಮ ಬಿ.ಎ. ಎರಡನೇ ವರ್ಷದಲ್ಲಿದ್ದಳು. ಅದಕ್ಕೆ ಮೊದಲು ಬಂದ ಎರಡು ಕಡೆಯವರೂ “ಕಾಲೇಜು ಬಿಡಸ್ರಿ, ಮುಂದಿನ ಮಾತಾಡೋಣು” ಎಂದಿದ್ದರು, ಈರಮ್ಮ ಎರಡು ಸಲವೂ ಅತ್ತು ಬೇಡವೆಂದಿದ್ದಳು. ದೇವದುರ್ಗದ ಹತ್ತಿ ವ್ಯಾಪಾರಿ ಸೂಗಪ್ಪನವರ ಮಗ ಜಂಬಣ್ಣ ಹೈಸ್ಕೂಲಿನಲ್ಲಿ ಲೆಕ್ಕದ ಮಾಸ್ತರ. ಹೆಣ್ಣು ನೋಡಲು ಬಂದ ದಿನ ಎಲ್ಲರೆದುರಿಗೆ ಅವನು ಹೇಳಿದ್ದು ಒಂದೇ ಮಾತು: “ಬಿ.ಎ. ಮುಗಿಸಲಿ. ಪರೀಕ್ಷಾಕ್ಕ ನಾನೇ ಕರಕೊಂಡು ಬರ್ತೀನಿ.” ಆ ರಾತ್ರಿ ಊಟಕ್ಕೆ ಕೂತಾಗ ಈರಮ್ಮ ತಾನಾಗಿಯೇ “ಯವ್ವಾ, ಇವರು ಆಗಬಹುದು” ಎಂದಳು. ಬಸವಂತಮ್ಮ ಆ ಮಾತಿಗಾಗಿ ಒಂದು ವರ್ಷ ಕಾದಿದ್ದಳು.

ಸೂಗಪ್ಪನವರಿಗೂ ಸಂಬಂಧ ಹಿಡಿಸಿತು. ಹಿಡಿಸಿದ್ದಕ್ಕೆ ಕಾರಣ ಈ ಕಾರೇ. ಹೊರಡುವಾಗ ಅವರು ಅಂಬಾಸಿಡರ್ ಸುತ್ತ ಒಂದು ಸುತ್ತು ಬಂದರು.

“ಗಿರಣಿ ನಡಸೋರು, ಹಿಂಥಾ ಗಾಡ್ಯಾಗ ತಿರುಗ್ತೀರಿ. ಭಾಳ ಸಾದಾ ಮನುಷ್ಯಾರು ಬಿಡ್ರಿ. ಒಳಗ ಇಂಜಿನ್ನರ ಛಲೋ ಅದನ?”

“ಏನದರೀ ಹಳಿ ಗಾಡ್ಯಾಗ. ಏನಿಲ್ಲ” ಎಂದ ಮಲ್ಲಯ್ಯ. ಇದು ಮೊದಲನೆಯ ಸಲ.

ದೇವದುರ್ಗದಲ್ಲಿ ನಿಶ್ಚಯವಾಯಿತು. ಸಕ್ಕರೆ ಹಂಚಿದರು. ಅಲ್ಲೂ ಸೂಗಪ್ಪನವರು ಕೇಳಿದರು, “ಅಷ್ಟು ದೂರದಿಂದ ಬಂತಲ್ರಿ ಇದು, ಒಳಗ ಏನೋ ಇರಬೇಕು.” ಮಲ್ಲಯ್ಯ ಕೈಮುಗಿದು, “ನಿಮ್ಮಂಥೋರ ಆಶೀರ್ವಾದ ಅದರಿ, ಮತ್ತೇನಿಲ್ಲ” ಎಂದ. ಇದು ಎರಡನೆಯ ಸಲ. ಆ ವಿನಯಕ್ಕೆ ಸೂಗಪ್ಪನವರ ಹೆಂಡತಿ ಗೋಪಮ್ಮ ಕೂಡ ತಲೆದೂಗಿದರು.

ವಾರದ ಮೇಲೆ ಮದುವೆಯ ಜವಳಿ. ಮಲ್ಲಯ್ಯ ಹೆಂಡತಿ ಮಗಳೊಡನೆ ದೇವದುರ್ಗಕ್ಕೆ ಹೋಗಿ ಬೀಗರನ್ನು ಕರೆದುಕೊಂಡು ರಾಯಚೂರಿನ ಬಟ್ಟೆ ಅಂಗಡಿಗೆ ಬರಬೇಕು. ಜವಳಿಗೆ ಹೋಗುವಾಗ ಗಂಡಿನವರು ಮುಂದೆ, ಹೆಣ್ಣಿನವರು ಹಿಂದೆ. ಅಂಗಡಿಯ ಗಾದಿಯ ಮೇಲೆ ಮೊದಲು ಕೂರುವವರು ಅವರು, ಮೊದಲ ಸೀರೆ ಮುಟ್ಟುವವರೂ ಅವರು. ಇದು ಆ ಕಡೆ ಹಸುಗೂಸಿಗೂ ಗೊತ್ತಿರುವ ರಿವಾಜು. ಬಸವಂತಮ್ಮ ಹಿಂದಿನ ದಿನದಿಂದ ಗಂಡನಿಗೆ ಹತ್ತು ಸಲ ಹೇಳಿದ್ದಳು, ಬೀಗರ ಹಿಂದೆಯೇ ಇರಬೇಕೆಂದು. “ಈ ಗಾಡಿ ಹಿಂದಿರದ ಮುಂದ್ಹೆಂಗ ಹೋದೀತು?” ಎಂದು ತಾನೇ ಸಮಾಧಾನವನ್ನೂ ಮಾಡಿಕೊಂಡಿದ್ದಳು.

ಸೂಗಪ್ಪನವರು ಮಗನ ಮದುವೆಗೆಂದೇ ಹೊಸ ಫಿಯಾಟ್ ತಂದಿದ್ದರು, ಹಾಲಿನಂಥ ಬಿಳಿ. ಜಂಬಣ್ಣನೇ ನಡೆಸುತ್ತಿದ್ದ. ಫಿಯಾಟ್ ಮುಂದೆ, ಅಂಬಾಸಿಡರ್ ಕೆಮ್ಮುತ್ತ ಹಿಂದೆ. ಮೂರು ಮೈಲಿಗೊಮ್ಮೆ ಫಿಯಾಟ್ ನಿಂತು ಇವರಿಗಾಗಿ ಕಾಯುತ್ತಿತ್ತು. ಒಳ್ಳೆಯ ಮನಸ್ಸಿನಿಂದಲೇ ಕಾಯುತ್ತಿದ್ದರು, ಅದೇ ಮಲ್ಲಯ್ಯನಿಗೆ ತಡೆಯಲಾಗಲಿಲ್ಲ. ದಾರಿಯ ಊರು ಮಸರಕಲ್ಲಿನಲ್ಲಿ ಸೂಗಪ್ಪನವರು ಇಳಿದೇ ಬಂದರು.

“ಬೀಗರ, ಹಗ್ಗಾ ಕಟ್ಟಿ ಎಳಕೊಂಡು ಹೋಗ್ಲೇನ್ರಿ?” ಎಂದು ನಗೆಯಾಡಿದರು. “ಖರೇ ಹೇಳ್ರಿ, ಇದರೊಳಗ ಇಂಜಿನ್ ಅದನೋ ಇಲ್ಲೋ?”

“ಏನೂ ಇಲ್ರಿ” ಎಂದ ಮಲ್ಲಯ್ಯ. ಇದು ಮೂರನೆಯ ಸಲ.

ಗೋಪಮ್ಮ ಫಿಯಾಟಿನಿಂದ ಕತ್ತು ಹೊರಹಾಕಿ, “ಹುಡುಗೀನರ ನಮ್ಮ ಗಾಡ್ಯಾಗ ಕಳಸ್ರಿ, ಪಾಪ, ಬಿಸಲಾಗ ಬಾಡ್ಯಾಳ” ಎಂದರು. ಈರಮ್ಮ ತಲೆ ತಗ್ಗಿಸಿ ಕೂತಲ್ಲೇ ಕೂತಳು. ಬಸವಂತಮ್ಮನ ಕಣ್ಣಲ್ಲಿ ನೀರು ಬಂತು.

“ನಾ ಇಲ್ಲೇ ಇಳಿತೀನ್ರಿ. ಬಸ್ಸಿಗಿ ಬರ್ತೀನಿ. ಹಿಂಗ ಮಂದಿ ಮುಂದ ನನ್ನ ಮಗಳ ಮಾರಿ ಸಣ್ಣದು ಮಾಡಬ್ಯಾಡ್ರಿ” ಎಂದಳು ಗಂಡನಿಗೆ.

ಮಲ್ಲಯ್ಯ ಹಲ್ಲು ಕಚ್ಚಿಕೊಂಡು ಗಾಡಿ ಹೊರಡಿಸಿದ. ಎರಡು ವರ್ಷದ ತಪಸ್ಸು ಕಲ್ಮಲದ ಹತ್ತಿರದ ನೆಟ್ಟನೆಯ ರಸ್ತೆಯವರೆಗೆ ಹೇಗೋ ನಡೆಯಿತು. ಅಲ್ಲಿ ಜಂಬಣ್ಣ ಕಿಟಕಿಯಿಂದ ಕೈ ಹೊರಗೆ ಹಾಕಿ, ಸಾವಕಾಶ ಬನ್ನಿ ಎಂಬಂತೆ ಸನ್ನೆ ಮಾಡಿದ. ಬಲಗಾಲು ತಾನಾಗಿಯೇ ಕೆಳಗೆ ಹೋಯಿತು ಎಂದು ಮಲ್ಲಯ್ಯ ಇವತ್ತಿಗೂ ಆಣೆ ಮಾಡಿ ಹೇಳುತ್ತಾನೆ. ಅಂಬಾಸಿಡರ್ ಕೆಮ್ಮು ನಿಲ್ಲಿಸಿತು. ಗರ್ಜಿಸಿತು. ಸುತಳಿ ಕಿತ್ತುಹೋಯಿತು. ಬಸವಂತಮ್ಮ ಹಿಂದಿನ ಸೀಟಿನ ಬೆನ್ನಿಗೆ ಅಂಟಿಕೊಂಡು “ಶಿವಶಿವಾ” ಎನ್ನುತ್ತ ಒಂದು ಕೈಯಲ್ಲಿ ಬಾಗಿಲು, ಇನ್ನೊಂದು ಕೈಯಲ್ಲಿ ಮಗಳನ್ನು ಹಿಡಿದುಕೊಂಡಳು. ಗಾಡಿ ಎಡಬಲದ ಕೆಂಪು ಮಣ್ಣನ್ನೆಲ್ಲ ಎಬ್ಬಿಸಿಕೊಂಡು ಫಿಯಾಟಿನ ಪಕ್ಕದಿಂದ ಹಾದುಹೋಯಿತು. ಆಗ ಈರಮ್ಮ ನಕ್ಕಳು. ಅಪ್ಪನ ಕಾರಿಗೆ ಎರಡು ವರ್ಷ ನಾಚಿಕೊಂಡ ಹುಡುಗಿ, ಬಾಯಿ ಮುಚ್ಚಿಕೊಳ್ಳುವುದನ್ನೂ ಮರೆತು ಗಟ್ಟಿಯಾಗಿ ನಕ್ಕಳು. ಮಲ್ಲಯ್ಯ ಕನ್ನಡಿಯಲ್ಲಿ ಆ ನಗು ನೋಡಿದ. ಅಷ್ಟು ಸಂತೋಷ ಅವನಿಗೆ ಯಾವ ಜೀಪಿನವನೂ ಕೊಟ್ಟಿರಲಿಲ್ಲ.

ಬೀಗರು ಅಂಗಡಿ ಮುಟ್ಟಿದ್ದು ಅರ್ಧ ಗಂಟೆಯ ಮೇಲೆ. ಬಿಳಿಯ ಫಿಯಾಟ್ ಕೆಂಪಾಗಿತ್ತು. ಸೂಗಪ್ಪನವರ ಧೋತರ, ಗೋಪಮ್ಮನ ಹೊಸ ಇಳಕಲ್ ಸೀರೆ, ಎಲ್ಲವೂ ಒಂದೇ ಬಣ್ಣ. ಅಂಗಡಿಯವನ ಒತ್ತಾಯಕ್ಕೆ ಗಾದಿಯ ಮೇಲೆ ಹೆಣ್ಣಿನವರು ಮೊದಲೇ ಕೂತಿದ್ದರು. ಇಷ್ಟು ಸಾಲದೆಂದು ಅಂಗಡಿಯವನು ಬಸವಂತಮ್ಮನ ಮಡಿಲಿಗೆ ಒಂದು ಸೀರೆಯನ್ನೂ ಬಿಡಿಸಿ ಹಾಕಿದ್ದ.

ಸೂಗಪ್ಪನವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

“ಬೀಗರ, ನೀವು ಮುಂದ ಹೋಗಿದ್ದಕ್ಕ ನನಗ ಸಿಟ್ಟಿಲ್ಲ. ರಿವಾಜು ನಾವೂ ನೀವೂ ಮಾಡಿದ್ದು. ಆದರ ನಾ ಮೂರು ಸಲ ಕೇಳೀನಿ, ಮೂರು ಸಲಾನೂ ಏನಿಲ್ಲ ಅಂದ್ರಿ. ಒಂದು ಕಾರಿನ ಸಲುವಾಗೇ ಇಷ್ಟು ಮುಚ್ಚಿಟ್ಟೋರು ಮನ್ಯಾಗ ಇನ್ನೇನೇನು ಮುಚ್ಚಿಟ್ಟಾರೋ ಅಂತ ನಮ್ಮಾಕಿ ಕೇಳಾಕತ್ಯಾಳ. ನಾ ಆಕಿಗಿ ಏನ ಹೇಳಲಿ?”

ಮಲ್ಲಯ್ಯನಿಗೆ ಆಗ ಸಮಾಧಾನದ ಮಾತೊಂದು ಹೊಳೆಯಿತು. ಹೊಳೆಯಬಾರದಿತ್ತು.

“ತಪ್ಪು ತಿಳೀಬ್ಯಾಡ್ರಿ ಬೀಗರ. ನಿಮಗಷ್ಟೇ ಅಲ್ರಿ, ನನ್ನ ಹೆಂಡತಿಗೂ ಹೇಳಿಲ್ಲ.”

“ಹೆಂಡತಿಗೂ ಹೇಳಿಲ್ಲ?” ಎಂದರು ಗೋಪಮ್ಮ. ಸೆರಗಿನ ಮಣ್ಣು ಕೊಡವಿದರು. “ನಡೀರಿ ಹೋಗೋಣು.”

ಜಂಬಣ್ಣ ಬಾಗಿಲಲ್ಲಿ ಒಂದು ಗಳಿಗೆ ನಿಂತ. ಏನೋ ಹೇಳುವವನಿದ್ದ. ಅವ್ವ ಕರೆದಳು, ಹೋದ.

ಮನೆಗೆ ಬಂದ ಮೇಲೆ ಬಸವಂತಮ್ಮ ಅಡಿಗೆಮನೆಯ ಬಾಗಿಲಲ್ಲಿ ಕೂತು ಗಂಡನನ್ನು ನೋಡದೆಯೇ ಮಾತಾಡಿದಳು. “ಎರಡು ವರ್ಷ ಒಂದು ಓಣಿ ಮೊದಲೇ ಇಳದು ನಡದೀನಿ. ಒಂದು ಮಾತು ನನಗ ಹೇಳಿದ್ರ ಎದಿ ಎತ್ತಿ ಕೂಡ್ತಿದ್ದೆ. ಸುಖಾ ಅಷ್ಟೂ ನೀವೊಬ್ಬರೇ ಉಂಡ್ರಿ. ಈಗ ಮಗಳು ಅಳೋದನ್ನ ಮಾತ್ರ ಮೂವರೂ ಕೂಡಿ ಉಣ್ಣಬೇಕು.” ಈರಮ್ಮ ಒಳಗಿನಿಂದ ಬಂದು ಕೇಳಿದ್ದು ಮತ್ತೂ ಕೆಟ್ಟದ್ದು: “ಯಪ್ಪಾ, ನಾ ನಗಬಾರದಿತ್ತೇನು?” “ನಿಂದೇನೂ ತಪ್ಪಿಲ್ಲ ಯವ್ವಾ” ಎಂದ ಮಲ್ಲಯ್ಯ.

ಮರುದಿನವೇ ದಸ್ತಗೀರನ ಶೆಡ್ಡಿಗೆ ಹೋಗಿ ಅಮೆರಿಕದ ಇಂಜಿನ್ ತೆಗೆಸಿದ. ದಸ್ತಗೀರ್ ಒಂದೊಂದು ಬೋಲ್ಟು ಬಿಚ್ಚುವಾಗಲೂ ಅಣ್ಣತಮ್ಮಂದಿರನ್ನು ಮಣ್ಣು ಮಾಡುವವನಂತೆ ನಿಟ್ಟುಸಿರು ಬಿಟ್ಟ. ಒಂದು ವಾರದಲ್ಲಿ, ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಇಂಜಿನ್ ಮತ್ತೆ ಕೂತಿತು. ಮಲ್ಲಯ್ಯ ಅದರಲ್ಲೇ ಎರಡೂವರೆ ತಾಸು ತೆವಳಿ ದೇವದುರ್ಗ ಮುಟ್ಟಿ, ಸೂಗಪ್ಪನವರ ಅಂಗಳದಲ್ಲಿ ಬಾನೆಟ್ ಎತ್ತಿ ನಿಂತ.

“ನೋಡ್ರಿ, ಈಗ ಹೊರಗೂ ಒಳಗೂ ಒಂದೇ ಅದ. ನನ್ನ ತಪ್ಪು ನನ್ನ ಮಗಳ ಮ್ಯಾಲ ಹಾಕಬ್ಯಾಡ್ರಿ.”

ಸೂಗಪ್ಪನವರು ಒಳಗೆ ಕರೆದು ಮಜ್ಜಿಗೆ ಕೊಟ್ಟರು. “ಮಲ್ಲಯ್ಯನವರ, ತಡಾ ಆತ್ರಿ. ಮಸರಕಲ್ಲಿನ ಹುಡುಗಿಗಿ ನಿನ್ನೆ ಮಾತು ಕೊಟ್ಟೀವಿ” ಎಂದರು. ಬೀಗರೇ ಎನ್ನಲಿಲ್ಲ. ಕಳಿಸಲು ಗೇಟಿನವರೆಗೆ ಬಂದಾಗ ಸುಮ್ಮನಿರಲಾರದೆ ಇನ್ನೊಂದು ಮಾತು ಸೇರಿಸಿದರು. “ನಮ್ಮ ಹುಡುಗ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನಿಮ್ಮ ಹುಡುಗಿ ಗಾಡ್ಯಾಗ ನಕ್ಕಿದ್ದು ಭಾಳ ಛಂದಿತ್ತು ಅಂದ. ಆದರ ಮನ್ಯಾಗ ಒಪ್ಪಲಿಲ್ಲ.” ಮಲ್ಲಯ್ಯ ಈ ಮಾತನ್ನು ಮಗಳಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದ, ಮನೆಗೆ ಬಂದು ಅವಳ ಮುಖ ನೋಡಿ ಹೇಳದೆ ಉಳಿದ.

ನಾಲ್ಕು ತಿಂಗಳ ಮೇಲೆ ಮಾನ್ವಿಯಿಂದ ಒಂದು ಸಂಬಂಧ ಬಂತು. ಇವರೂ ಬಿ.ಎ. ಮುಗಿಸಲಿ ಎನ್ನುವವರೇ. ಈ ಸಲ ಮಲ್ಲಯ್ಯನ ಪ್ರತಿಜ್ಞೆ ಬೇರೆ: ಒಂದು ಸಾಸಿವೆಯಷ್ಟೂ ಮುಚ್ಚಿಡುವುದಿಲ್ಲ. ಬಂದವರು ಗೇಟಿನೊಳಗೆ ಕಾಲಿಡುತ್ತಲೇ “ಬರ್ರಿ, ಮೊದಲು ಇಲ್ಲಿ ಬರ್ರಿ” ಎಂದು ಅವರನ್ನು ಕಾರಿನ ಹತ್ತಿರ ಕರೆದೊಯ್ದು ಬಾನೆಟ್ ಎತ್ತಿದ. ಬಿಸಿಲಿನಲ್ಲಿ ನಿಲ್ಲಿಸಿಕೊಂಡು ರೇಡಿಯೇಟರ್ ಸೋರುವುದು, ಗೇರು ಸಿಕ್ಕಿಕೊಳ್ಳುವುದು, ಇಂಜಿನ್ ಆಯಿಲ್ ಕುಡಿಯುವುದು ಎಲ್ಲ ಹೇಳಿದ. ಆಮೇಲೆ ಮೊದಲಿದ್ದ ಅಮೆರಿಕದ ಇಂಜಿನ್ನಿನ ಕಥೆ, ಜಾಗೀರದಾರರ ಹುಣಸೆಮರ, ಕಲ್ಮಲದ ರಸ್ತೆ, ದೇವದುರ್ಗದವರು ಎದ್ದುಹೋದದ್ದು, ಒಂದನ್ನೂ ಬಿಡಲಿಲ್ಲ. ಬಸವಂತಮ್ಮ ಕಿಟಕಿಯಿಂದ ಎರಡು ಸಲ ಕೆಮ್ಮಿದಳು. ಮಲ್ಲಯ್ಯ ಸೀಟು ಎತ್ತಿ ತೆಂಗಿನ ನಾರನ್ನೂ ತೋರಿಸಿದ. ಮಾನ್ವಿಯ ಹಿರಿಯರು ಬೆವರೊರೆಸಿಕೊಂಡು ಕೈಗಡಿಯಾರ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು, “ಬಸ್ಸಿನ ಟೈಮಾತ್ರಿ, ಪತ್ರಾ ಬರೀತೀವಿ” ಎಂದು ಹೊರಟೇಬಿಟ್ಟರು.

ಮಲ್ಲಯ್ಯ ಬಾನೆಟ್ ಮುಚ್ಚಿ, ಎದೆಯ ಮೇಲಿನ ಭಾರ ಇಳಿದವನಂತೆ ಪಡಸಾಲೆಗೆ ಬಂದ. ಈರಮ್ಮ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು, ಕೈಯಲ್ಲಿ ಆರು ಕಪ್ ಚಹಾದ ತಟ್ಟೆ ಹಿಡಿದುಕೊಂಡು ನಿಂತಿದ್ದಳು.

“ಯಪ್ಪಾ, ಬಂದೋರು ಎಲ್ಲಿ?”

“ಹೋದ್ರು ಯವ್ವಾ. ಈ ಸಲ ಒಂದೂ ಮುಚ್ಚಿಡಲಿಲ್ಲ ನೋಡು. ಎಲ್ಲಾ ತೋರಿಸಿ ಕಳಿಸೀನಿ.”

ಈರಮ್ಮ ಖಾಲಿ ಪಡಸಾಲೆಯನ್ನು ನೋಡಿದಳು, ಅಪ್ಪನನ್ನು ನೋಡಿದಳು.

“ಎಲ್ಲಾ ತೋರಿಸಿದಿ ಯಪ್ಪಾ. ನನ್ನೊಬ್ಬಾಕಿನ್ನ ತೋರಸೋದು ಮರ್ತಿ.”