ಬರಿಗಣ್ಣಿಗೆ ಕಾಣುವ ದೇಶ

ನಮ್ಮ ಜಿಲ್ಲೆಯ ಮಕ್ಕಳಿಗೆ ಪ್ರಪಂಚವೆಂಬುದೊಂದು ಇದೆ ಎಂಬ ಸಂಗತಿಯನ್ನು ಇದೇ ನವೆಂಬರ್ ಮೂವತ್ತರೊಳಗಾಗಿ ತಿಳಿಸಿ ಮುಗಿಸತಕ್ಕದ್ದೆಂದು ಜಾಗತಿಕ ಅರಿವಿನ ನಿರ್ದೇಶನಾಲಯವು ಆದೇಶ ಹೊರಡಿಸಿತು. ಆದೇಶವು ಇತಾರುಗುವಾ ಊರಿನ ನಮ್ಮ ಶಾಲೆಗೆ ಏಪ್ರಿಲ್ ತಿಂಗಳಲ್ಲಿ ತಲುಪಿತು. ಶಾಲೆಯ ಗುಮಾಸ್ತನಾದ ನಾನು ಅದನ್ನು ಸ್ವೀಕರಿಸಿ, ಮೊಹರು ಒತ್ತಿ, ಮುಖ್ಯೋಪಾಧ್ಯಾಯರಾದ ದೋನ್ ಎವಾರಿಸ್ತೊ ಗಾಮಾರ್ರಾ ಅವರ ಮುಂದಿಟ್ಟೆ. ಅವರು ತೆರೆರೆ ಎಂಬ ತಣ್ಣನೆಯ ಸೊಪ್ಪಿನ ಕಷಾಯ ಹೀರುತ್ತ ಎರಡು ಸಲ ಓದಿದರು.

"ಪ್ರಪಂಚ ಪೂರ್ತಿನೇನ್ರೀ, ಕಾಸಿಯಾನೊ?"

"ಇಲ್ಲ ಸಾರ್. ಹನ್ನೊಂದು ದೇಶ. ಅನುಬಂಧ ಮೂರರಲ್ಲಿ ಪಟ್ಟಿ ಇದೆ."

ಅವರಿಗೆ ಸಮಾಧಾನವಾಯಿತು.

ಪಟ್ಟಿಯಲ್ಲಿ ಫಿನ್‌ಲೆಂಡ್, ಸಿಂಗಪುರ, ಕೆನಡಾ ಮೊದಲಾದವು ಇದ್ದವು. ಹೊಳೆಯ ಆಚೆ ದಡದಲ್ಲಿರುವ ಬ್ರೆಜಿಲ್ ಇರಲಿಲ್ಲ. ಇದು ಕೈತಪ್ಪಿನಿಂದ ಆದದ್ದಲ್ಲ. ನಿಯಮ ಏಳು ಸ್ಪಷ್ಟವಾಗಿದೆ: 'ಶಾಲೆಯ ಆವರಣದಿಂದ ಬರಿಗಣ್ಣಿಗೆ ಕಾಣುವ ದೇಶವನ್ನು ಜಾಗತಿಕವೆಂದು ಪರಿಗಣಿಸತಕ್ಕದ್ದಲ್ಲ.' ನಮ್ಮ ಶಾಲೆಯ ಕಿಟಕಿಯಿಂದ ನೋಡಿದರೆ ಆ ದೇಶದ ಹೆಂಗಸರು ಬಟ್ಟೆ ಒಣಹಾಕುವುದು ಕಾಣುತ್ತದೆ. ಹಾಗಾಗಿ ಅದು ನಮಗೆ ಅನ್ವಯಿಸಲಿಲ್ಲ.

ಆರನೇ ತರಗತಿಯ ಶಿಕ್ಷಕಿ ಕ್ಲೋತಿಲ್ದೆ ಸಮಾನಿಯೇಗೊ ಅವರ ಬಗ್ಗೆ ಇಲ್ಲಿ ಹೇಳಬೇಕು. ಅವರ ತರಗತಿಯ ಮೂವತ್ತೊಂದು ಮಕ್ಕಳಲ್ಲಿ ಹದಿನಾಲ್ಕು ಮಂದಿಯ ತಾಯಂದಿರು ಸ್ಪೇನಿನಲ್ಲಿ ಮುದುಕರಿಗೆ ಸ್ನಾನ ಮಾಡಿಸುವ ಕೆಲಸದಲ್ಲಿದ್ದಾರೆ. ಮಕ್ಕಳು ಮನೆಯಲ್ಲಿ ಗ್ವಾರಾನಿ, ಶಾಲೆಯಲ್ಲಿ ಸ್ಪ್ಯಾನಿಷ್, ಮಧ್ಯಾಹ್ನ ಸಂತೆಯಲ್ಲಿ ಪೋರ್ಚುಗೀಸ್ ಮಾತಾಡುತ್ತಾರೆ. ಚಪ್ಪಲಿ ಅಂಗಡಿಯ ಕೊರಿಯಾದವನ ಹತ್ತಿರ ಅವನ ಭಾಷೆಯಲ್ಲೇ ಇಪ್ಪತ್ತರವರೆಗೆ ಎಣಿಸಿ ಜಗಳವಾಡುತ್ತಾರೆ. ಇವೆಲ್ಲವೂ ಯಾವ ತರಬೇತಿಯೂ ಇಲ್ಲದೆ ಆದ ಕಲಿಕೆಗಳಾದ್ದರಿಂದ ದಾಖಲೆಗೆ ಬಂದಿರಲಿಲ್ಲ.

ದಾಖಲೆಗೆ ಬಾರದ ಇನ್ನೊಂದು ವಿಷಯವೂ ಇತ್ತು. ಹೊಳೆಯ ಮೇಲ್ಗಡೆ, ಬ್ರೆಜಿಲಿನ ಒಳಗೆ, ಒಂದು ಅಣೆಕಟ್ಟಿದೆ. ಅಲ್ಲಿ ಗೇಟು ಎತ್ತಿದರೆ ಅರ್ಧ ದಿನದಲ್ಲಿ ನಮ್ಮ ಕೆಳಗೇರಿಗೆ ನೀರು ನುಗ್ಗುತ್ತದೆ. ಕಳೆದ ವರ್ಷ ಹಾಗೆ ನುಗ್ಗಿದಾಗ ಕ್ಲೋತಿಲ್ದೆ ಟೀಚರ್ ಮಕ್ಕಳನ್ನು ಕೂರಿಸಿ, ಈ ನೀರು ಎಲ್ಲಿಂದ ಬಂತು, ಯಾರು ಬಿಟ್ಟರು, ಅವರಿಗೆ ನಾವು ಕಾಣುತ್ತೇವೆಯೇ ಎಂದೆಲ್ಲ ವಿಚಾರಿಸಿ, ಪೋರ್ಚುಗೀಸಿನಲ್ಲಿ ಒಂದು ಪತ್ರ ಬರೆಸಿದರು. 'ಗೇಟು ನಿಮ್ಮದು, ಮನೆ ನಮ್ಮದು. ಎತ್ತುವ ಮುಂಚೆ ಒಂದು ಮಾತು ಹೇಳಿ' ಎಂಬುದು ಅದರ ಸಾರಾಂಶ. ಅಣೆಕಟ್ಟಿನ ಕಚೇರಿಯ ಸೆವೆರಿನೊ ಎಂಬ ಗುಮಾಸ್ತ ಅದನ್ನು ಓದಿ, ಯಾರನ್ನೂ ಕೇಳದೆ, ಶಾಲೆಗೆ ಫೋನ್ ಮಾಡತೊಡಗಿದ. ಸುನಿಲ್ದಾ ಎಂಬ ಹನ್ನೆರಡು ವರ್ಷದ ಹುಡುಗಿ ಮಾತಾಡಿ ಬರೆದುಕೊಳ್ಳುತ್ತಿದ್ದಳು. ಮಕ್ಕಳು ಓಡಿಹೋಗಿ ಕೆಳಗೇರಿಗೆ ಹೇಳುತ್ತಿದ್ದರು. ಜನ ಹಾಸಿಗೆ ಹೊತ್ತು ಗುಡ್ಡ ಹತ್ತುತ್ತಿದ್ದರು. ಒಂದು ವರ್ಷದಲ್ಲಿ ಮೂರು ಸಲ ನೀರು ಬಂತು, ಮೂರು ಸಲವೂ ಒಂದು ಚಮಚ ಕೂಡ ತೇಲಿಹೋಗಲಿಲ್ಲ. ಆದರೆ ನಾನೊಬ್ಬ ಗುಮಾಸ್ತನಾಗಿ ಹೇಳುತ್ತೇನೆ, ಕಡತವಿಲ್ಲದೆ ಕೆಲಸ ಮಾಡುವ ಇನ್ನೊಬ್ಬ ಗುಮಾಸ್ತನನ್ನು ನಂಬುವುದು ಕಷ್ಟ.

ಮೇ ತಿಂಗಳಲ್ಲಿ ಶಿಕ್ಷಕರಿಗೆ ರಾಜಧಾನಿಯ ಹೋಟೆಲೊಂದರಲ್ಲಿ ಮೂರು ದಿನದ ತರಬೇತಿ ನಡೆಯಿತು. ನಿರ್ದೇಶನಾಲಯದ ತಜ್ಞರಾದ ಡಾಕ್ಟರ್ ವಲೆಂತಿನ್ ಲೆಸ್ಕಾನೊ ಅವರು ನೆಲದ ಮೇಲೆ ಭೂಪಟ ಹಾಸಿ, ಒಬ್ಬೊಬ್ಬ ಶಿಕ್ಷಕರನ್ನು ಒಂದೊಂದು ದೇಶದ ಮೇಲೆ ನಿಲ್ಲಿಸಿದರು. ಬರಿಗಾಲಲ್ಲಿ ನಿಂತು ಆ ದೇಶವನ್ನು ಒಳಗಿನಿಂದ ಅನುಭವಿಸಬೇಕಿತ್ತು. ಕ್ಲೋತಿಲ್ದೆ ಟೀಚರಿಗೆ ನಾರ್ವೆ ಬಂತು.

"ಈಗ ನಾರ್ವೆಗೆ ಏನನ್ನಿಸ್ತಿದೆ?" ಎಂದು ಡಾಕ್ಟರು ಕಣ್ಣು ಮುಚ್ಚಿಕೊಂಡು ಕೇಳಿದರು.

"ಹಸಿವಾಗ್ತಿದೆ ಸಾರ್. ಮಧ್ಯಾಹ್ನ ಎರಡು ಗಂಟೆ ಆಯ್ತು."

ಪಕ್ಕದಲ್ಲಿ ನಿಂತಿದ್ದ ಮಂಗೋಲಿಯಾ ನಕ್ಕುಬಿಟ್ಟಿತು. ಡಾಕ್ಟರು ಇಬ್ಬರ ಹೆಸರನ್ನೂ ಬರೆದುಕೊಂಡರು.

ಆಗಸ್ಟಿನಲ್ಲಿ ಡಾಕ್ಟರು ನಮ್ಮ ಶಾಲೆಯ ತಪಾಸಣೆಗೆ ಬಂದರು. ದೋನ್ ಎವಾರಿಸ್ತೊ ಅವರ ಆದೇಶದಂತೆ ಗೋಡೆಗಳಿಗೆ ಹನ್ನೊಂದು ಬಾವುಟ ಅಂಟಿಸಿದ್ದೆವು. ಬ್ರೆಜಿಲ್ ಕಾಣುವ ಕಿಟಕಿಗೆ ಪರದೆ ಎಳೆದಿದ್ದೆವು. ಡಾಕ್ಟರು ಆರನೇ ತರಗತಿಗೆ ಬಂದು ಮಕ್ಕಳತ್ತ ಪ್ರೀತಿಯಿಂದ ನೋಡಿದರು.

"ಮಕ್ಕಳೇ, ಜಗತ್ತಿನಲ್ಲಿರೋ ಒಂದು ಸಮಸ್ಯೆ ಹೇಳಿ ನೋಡೋಣ."

ಸುನಿಲ್ದಾ ಎದ್ದಳು. "ಮೇಲೆ ಗೇಟ್ ಎತ್ತಿದ್ರೆ ನಮ್ಮನೆಗೆ ನೀರು ಬರತ್ತೆ ಸಾರ್."

"ಅದು ನಿಮ್ಮನೆ ಸಮಸ್ಯೆ ಪುಟ್ಟಿ. ಜಗತ್ತಿಂದು ಹೇಳು."

"ನಮ್ಮನೆ ಜಗತ್ತಲ್ಲೇ ಇದೆಯಲ್ಲ ಸಾರ್."

"ಇದೆಯಮ್ಮ, ಇಲ್ಲ ಅನ್ನೋಕಾಗಲ್ಲ. ಆದ್ರೆ ಪಠ್ಯದಲ್ಲಿಲ್ಲ." ಡಾಕ್ಟರು ಕ್ಲೋತಿಲ್ದೆ ಟೀಚರ್ ಕಡೆ ತಿರುಗಿದರು. "ಹಿಮಗಡ್ಡೆ ಕರಗೋ ಪಾಠ ಮಾಡಿಸಿಲ್ವಾ ಮೇಡಂ ನೀವು?"

"ಮಾಡ್ಸಿದೀನಿ ಸಾರ್. ಹಿಮಗಡ್ಡೆ ಬಗ್ಗೆ ಕೇಳಿದ್ರೆ ಹೇಳ್ತಾರೆ. ಅವಳು ತನಗೆ ಗೊತ್ತಿರೋದು ಹೇಳಿದ್ಲು."

ಅಷ್ಟರಲ್ಲಿ ಕಚೇರಿಯ ಫೋನ್ ಬಡಿದುಕೊಂಡಿತು. ಸುನಿಲ್ದಾ ಡಾಕ್ಟರ ಅಪ್ಪಣೆ ಕೇಳದೆ ಓಡಿದಳು. ತಜ್ಞರೊಬ್ಬರು ನಿಂತಿರುವಾಗಲೇ ಆ ಮಗು ಗಂಟೆ ಎಷ್ಟು, ಗೇಟು ಎಷ್ಟು, ಪೂರ್ತಿಯೋ ಅರ್ಧವೋ ಎಂದು ಪೋರ್ಚುಗೀಸಿನಲ್ಲಿ ಜೋರಾಗಿ ಕೇಳಿ, ಕೇಳಿದ್ದನ್ನು ಮತ್ತೊಮ್ಮೆ ಹೇಳಿಸಿ, ಬರೆದುಕೊಂಡು, ಬಾಗಿಲಲ್ಲಿ ನಿಂತು ಗ್ವಾರಾನಿಯಲ್ಲಿ ಕೂಗಿದಳು. ಮೂವತ್ತು ಮಕ್ಕಳು ಬೆಂಚು ದಾಟಿ, ಹನ್ನೊಂದು ಬಾವುಟಗಳ ಕೆಳಗಿನಿಂದ ಹಾದು, ಗುಡ್ಡ ಇಳಿದು ಕೆಳಗೇರಿ ಕಡೆ ಓಡಿದರು. ತರಗತಿಯಲ್ಲಿ ಡಾಕ್ಟರು, ಮುಖ್ಯೋಪಾಧ್ಯಾಯರು ಮತ್ತು ನಾನು ಉಳಿದೆವು. ಕ್ಲೋತಿಲ್ದೆ ಟೀಚರ್ ಕೂಡ ಮಕ್ಕಳ ಹಿಂದೆಯೇ ಓಡಿದ್ದರು.

ಡಾಕ್ಟರ ವರದಿ ಸೆಪ್ಟೆಂಬರ್ ಮೊದಲ ವಾರದಲ್ಲಿ ಬಂತು. 'ತಪಾಸಣೆಯ ವೇಳೆ ತರಗತಿಯು ವಿದೇಶವೊಂದರ ಕರೆಗೆ ಓಗೊಟ್ಟು ಚದುರಿತು' ಎಂದು ಅದರಲ್ಲಿತ್ತು. ಇನ್ನು ಮುಂದೆ ಯಾವುದೇ ಅನ್ಯದೇಶೀಯ ವ್ಯಕ್ತಿಯೊಂದಿಗಿನ ಸಂಪರ್ಕವು ನಿರ್ದೇಶನಾಲಯದ ಮೂಲಕವೇ ನಡೆಯತಕ್ಕದ್ದು. ಅಣೆಕಟ್ಟಿನವರು ಹೇಳುವುದೇನಿದ್ದರೂ ರಾಜಧಾನಿಗೆ ಲಿಖಿತವಾಗಿ ತಿಳಿಸತಕ್ಕದ್ದು. ಅದನ್ನು ಅಧಿಕೃತ ಭಾಷಾಂತರಕಾರರು ಭಾಷಾಂತರಿಸಿ, ಸಾಂಸ್ಕೃತಿಕ ಸೂಕ್ಷ್ಮತೆಯ ಸಮಿತಿಯು ಪರಿಶೀಲಿಸಿ, ಹದಿನೈದು ಕೆಲಸದ ದಿನಗಳಲ್ಲಿ ಶಾಲೆಗೆ ಕಳುಹಿಸತಕ್ಕದ್ದು. ಮಕ್ಕಳ ಪೋರ್ಚುಗೀಸಿಗೆ ಪ್ರಮಾಣಪತ್ರವಿಲ್ಲದ್ದರಿಂದ ಅದನ್ನು ಭಾಷೆಯೆಂದು ಎಣಿಸಲಾಗದು ಎಂಬ ಟಿಪ್ಪಣಿಯೂ ಇತ್ತು. ಕೊನೆಯಲ್ಲಿ, ಶಿಕ್ಷಕಿ ಸಮಾನಿಯೇಗೊ ಅವರು ಜಾಗತಿಕವಾಗಿ ಅಸಮರ್ಥರೆಂದು ಕಂಡುಬಂದಿರುವುದರಿಂದ ಅಕ್ಟೋಬರ್ ಪೂರ್ತಿ ರಾಜಧಾನಿಯಲ್ಲಿ ಮರುತರಬೇತಿಗೆ ಹಾಜರಾಗತಕ್ಕದ್ದು.

ಕ್ಲೋತಿಲ್ದೆ ಟೀಚರ್ ಆ ಕಾಗದ ಹಿಡಿದು ಕಚೇರಿಗೆ ಬಂದರು.

"ಸಾರ್, ಅಕ್ಟೋಬರಲ್ಲೇ ಮೇಲೆ ಮಳೆ ಜಾಸ್ತಿ. ನನ್ನನ್ನ ಕಳಿಸಿ, ಪರವಾಗಿಲ್ಲ. ಫೋನ್ ಒಂದು ಬಿಡಿ. ನೀರು ಹದಿನೈದು ದಿನ ಕಾಯಲ್ಲ."

"ಹದಿನೈದು ಕೆಲಸದ ದಿನ" ಎಂದು ದೋನ್ ಎವಾರಿಸ್ತೊ ತಿದ್ದಿದರು. "ಕಾಯದೇ ಇರೋದು ನೀರಿನ ಕಡೆ ಕೊರತೆ ಮೇಡಂ. ನಮ್ಮ ಕಡೆಯಿಂದ ಲೋಪ ಇರಬಾರದು."

"ಕೆಳಗೇರೀಲಿ ನಿಮ್ಮ ಅತ್ತೆ ಮನೇನೂ ಇದೆ ಸಾರ್."

ಅವರು ಕಡತ ಮುಚ್ಚಿದರು. "ಅದು ನನ್ನ ವೈಯಕ್ತಿಕ ವಿಷಯ. ಅದನ್ನ ಇಲ್ಲಿ ತರೋದು ಸರಿಯಲ್ಲ."

ಫೋನನ್ನು ಮರದ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದೆವು. ಸೆವೆರಿನೊ ಎಂಬಾತನಿಗೆ ಹೊಸ ಕ್ರಮವನ್ನು ತಿಳಿಸುವ ಪತ್ರವನ್ನು ನಾನೇ ಬರೆದೆ; ನಿಯಮದಂತೆ ಅದು ಅವನಿಗೆ ರಾಜಧಾನಿಯ ಮೂಲಕ ಹೋಗಬೇಕಿತ್ತು, ಇನ್ನೂ ಹೋಗುತ್ತಿದೆ. ಅನಧಿಕೃತ ಮುನ್ಸೂಚನೆಗಳನ್ನು ನಂಬಬಾರದೆಂದು ಕೆಳಗೇರಿಯ ಮನೆಮನೆಗೂ ಸುತ್ತೋಲೆ ಹಂಚಿದೆವು.

ಅಕ್ಟೋಬರ್ ಒಂಬತ್ತರ ಬೆಳಿಗ್ಗೆ ಪೆಟ್ಟಿಗೆಯೊಳಗೆ ಫೋನ್ ಬಡಿದುಕೊಂಡಿತು. ನಿಂತಿತು. ಮತ್ತೆ ಬಡಿದುಕೊಂಡಿತು. ದೋನ್ ಎವಾರಿಸ್ತೊ ಅವರೂ ನಾನೂ ಅದರ ಎದುರು ಕುಳಿತಿದ್ದೆವು. ಸುನಿಲ್ದಾ ಬಾಗಿಲಿಗೆ ಬಂದಳು.

"ಸಾರ್, ಅವ್ರೇ ಇರಬೇಕು."

"ಯಾರು ಅಂತ ಹೇಗೆ ಹೇಳ್ತೀಯ?"

"ತೆಗೆದ್ರೆ ಗೊತ್ತಾಗತ್ತೆ ಸಾರ್."

"ತೆಗೆಯೋ ಹಾಗಿಲ್ಲ. ಹೋಗಿ ಕೂತ್ಕೋ, ಸಿಂಗಪುರ ಓದು."

ಅವಳು ನನ್ನನ್ನು ನೋಡಿದಳು. ಕೀಲಿಕೈ ನನ್ನ ಮೇಜಿನ ಡ್ರಾಯರಿನಲ್ಲಿರುವುದು ಅವಳಿಗೆ ಗೊತ್ತಿತ್ತು. ನಾನು ಡ್ರಾಯರ್ ತೆಗೆದು, ಅದರಲ್ಲಿದ್ದ ಸುತ್ತೋಲೆಯನ್ನು ಅವಳಿಗೆ ತೋರಿಸಿ, ಡ್ರಾಯರ್ ಮುಚ್ಚಿದೆ. ಫೋನ್ ಹನ್ನೊಂದು ಸಲ ಬಡಿದುಕೊಂಡಿತು. ಇದನ್ನು ನಾನು ನಿಖರವಾಗಿ ದಾಖಲಿಸಿದ್ದೇನೆ.

ಸುನಿಲ್ದಾ ಸಿಂಗಪುರ ಓದದೆ ಮನೆಗೆ ಓಡಿದಳು. ಅವಳ ಅಜ್ಜಿ ಎಮೆರೆನ್ಸಿಯಾನಾ ಹೊಳೆದಂಡೆಯಲ್ಲಿ ಮಣ್ಣಿನ ಒಲೆಯಲ್ಲಿ ಚೀಪಾ ರೊಟ್ಟಿ ಸುಟ್ಟು ಮಾರುವವಳು. ಮೊಮ್ಮಗಳ ಮಾತು ಕೇಳಿ ಹಿಟ್ಟಿನ ಚೀಲ, ಗಿಣ್ಣಿನ ಮಡಕೆ, ಹಂದಿಮರಿ ಎಲ್ಲ ಮೇಲೆ ಸಾಗಿಸಿದಳು. ಅಕ್ಕಪಕ್ಕದವರಿಗೆ ಸುನಿಲ್ದಾ ಬಾಗಿಲು ಬಡಿದು ಹೇಳಿದಳು.

"ಫೋನಲ್ಲಿ ಏನಂದ್ರು?" ಎಂದು ಅವರು ಕೇಳಿದರು.

"ಏನೂ ಅನ್ನಲಿಲ್ಲ. ತೆಗೆಯೋಕೆ ಬಿಡಲಿಲ್ಲ. ಆದ್ರೆ ತುಂಬಾ ಹೊತ್ತು ಬಡ್ಕೊಳ್ತು."

ಜನ ಸುತ್ತೋಲೆ ನೋಡಿದರು. ಹುಡುಗಿಯನ್ನು ನೋಡಿದರು. ಸುತ್ತೋಲೆಯಲ್ಲಿ ಮೊಹರಿತ್ತು.

ಮಧ್ಯಾಹ್ನ ಮೂರಕ್ಕೆ ನೀರು ಬಂತು. ನಲವತ್ತೆರಡು ಮನೆಗಳಿಗೆ ಕಿಟಕಿಯವರೆಗೆ ತುಂಬಿತು. ದೋನ್ ಎವಾರಿಸ್ತೊ ಅವರ ಅತ್ತೆಯನ್ನು ಮೇಜಿನ ಮೇಲೆ ಕೂರಿಸಿ, ನೆರೆಯವರು ಆ ಮೇಜನ್ನೇ ತೇಲಿಸಿಕೊಂಡು ತಂದರು. ಆಕೆ ದಾರಿಯುದ್ದಕ್ಕೂ ಅಳಿಯನ ಹೆಸರು ಹಿಡಿದು ಬೈಯುತ್ತಿದ್ದರು. ಎಮೆರೆನ್ಸಿಯಾನಾ ಅಜ್ಜಿ ಗುಡ್ಡದ ಮೇಲೆ ನಿಂತು ತನ್ನ ಒಲೆ ಕರಗುವುದನ್ನು ನೋಡಿದಳು. ನಲವತ್ತು ವರ್ಷದ ಒಲೆ, ಅವಳ ಗಂಡ ಕಟ್ಟಿದ್ದು. ಮೊದಲು ಬಾಯಿ ಹೋಯಿತು, ಆಮೇಲೆ ಬೆನ್ನು ಕುಸಿಯಿತು, ಕೊನೆಗೆ ಆ ಜಾಗದಲ್ಲಿ ನೀರು ಸ್ವಲ್ಪ ಕೆಂಪಗಾಯಿತು.

"ಒಲೇನ ಹೊತ್ಕೊಂಡು ಬರೋಕಾಗಲ್ವಲ್ಲ ಅಜ್ಜಿ" ಎಂದು ಸುನಿಲ್ದಾ ಅಳತೊಡಗಿದಳು.

"ಅಳಬೇಡ ಬಿಡು. ನೀನು ಹೇಳಿದ್ದೆಯಲ್ಲ, ಅಷ್ಟು ಸಾಕು" ಎಂದಳು ಅಜ್ಜಿ.

ಸಾವು ಸಂಭವಿಸಲಿಲ್ಲ. ವರದಿಯಲ್ಲಿ ಇದನ್ನು 'ಕಾರ್ಯಕ್ರಮದ ಸಾಧನೆಗಳು' ಎಂಬ ಶೀರ್ಷಿಕೆಯಡಿ ನಮೂದಿಸಿದೆ.

ಅಕ್ಟೋಬರ್ ಮೂವತ್ತರಂದು ರಾಜಧಾನಿಯಿಂದ ಲಕೋಟೆ ಬಂತು. ಉತ್ತಮ ಕಾಗದ, ಎರಡು ಮೊಹರು. ನಾವು ಫೋನ್ ತೆಗೆಯದ್ದರಿಂದ ಅಣೆಕಟ್ಟಿನವರು ಅಂದೇ ರಾಜಧಾನಿಗೆ ಕಳಿಸಿದ್ದ ಸಂದೇಶದ ಅಧಿಕೃತ ಭಾಷಾಂತರ: 'ಒಂಬತ್ತನೇ ತಾರೀಕು ಮಧ್ಯಾಹ್ನದ ಹೊತ್ತಿಗೆ ನಿಮ್ಮಲ್ಲಿ ನೀರು ಏರುವ ಸಂಭವವಿದೆ. ದಯವಿಟ್ಟು ಮೇಲಕ್ಕೆ ಹೋಗಿ.' ಮಾಹಿತಿಯು ಎಲ್ಲ ವಿವರಗಳಲ್ಲಿಯೂ ಸರಿಯಾಗಿರುವುದನ್ನು ಕಂಡು ದೋನ್ ಎವಾರಿಸ್ತೊ ಅವರ ಕಣ್ಣು ತುಂಬಿ ಬಂತು. ಜೊತೆಗೆ ಅನುಬಂಧವೊಂದಿತ್ತು: ಸೂಚನೆ ತಲುಪಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಅದನ್ನು ಪಾಲಿಸಿ, ಫಲಾನುಭವಿಗಳ ರುಜು ಪಡೆದು ಹಿಂದಿರುಗಿಸಿದರೆ ಶಾಲೆಗೆ 'ಜಿಲ್ಲೆಯ ಪ್ರಥಮ ಜಾಗತಿಕ ಅರಿವಿನ ಶಾಲೆ' ಎಂಬ ಫಲಕ. ಮುಳುಗಿದ ಮನೆಗಳಿಗೆ ತಗಡಿನ ಹಾಳೆಗಳನ್ನು ಕೊಡುವುದೂ ಆ ರುಜುಗಳ ಆಧಾರದ ಮೇಲೆಯೇ.

ತಗಡು ಎಂಬ ಮಾತನ್ನು ಕೇಳಿ ಕೆಳಗೇರಿಯಲ್ಲಿ ಯಾರೂ ತಕರಾರು ಮಾಡಲಿಲ್ಲ.

ಮರುದಿನ ಸುಡುಬಿಸಿಲು. ಹೊಳೆ ತಗ್ಗಿ ಹಳ್ಳದಂತೆ ಹರಿಯುತ್ತಿತ್ತು. ನಲವತ್ತೆರಡು ಮನೆಯವರೂ ಇನ್ನೂ ಆರದ ಹಾಸಿಗೆ, ಉಬ್ಬಿದ ಕಪಾಟು, ಕೆಸರು ಮೆತ್ತಿದ ಕುರ್ಚಿಗಳನ್ನು ಹೊತ್ತು ಸಾಲಾಗಿ ಗುಡ್ಡ ಹತ್ತಿ ಶಾಲೆಯ ಮೈದಾನಕ್ಕೆ ಬಂದರು. ಡಾಕ್ಟರ್ ಲೆಸ್ಕಾನೊ ಫಲಕದೊಂದಿಗೆ ಮೊದಲೇ ಬಂದು ನಿಂತಿದ್ದರು. ಪ್ರತಿಯೊಬ್ಬರಿಗೂ "ಸ್ವಾಗತ, ಸ್ವಾಗತ, ನೀವೀಗ ಸುರಕ್ಷಿತ" ಎನ್ನುತ್ತಿದ್ದರು. ಅದೇ ಬೆಳಿಗ್ಗೆ ಮರುತರಬೇತಿ ಮುಗಿಸಿ, ಪ್ರಮಾಣಪತ್ರದೊಂದಿಗೆ ಬಸ್ಸಿನಿಂದ ಇಳಿದ ಕ್ಲೋತಿಲ್ದೆ ಟೀಚರ್ ದಾರಿಯಲ್ಲೇ ನಿಂತುಬಿಟ್ಟರು.

"ಏನಜ್ಜೀ ಇದು? ನೀರೆಲ್ಲಿದೆ?"

"ನೀರು ಆವತ್ತೇ ಬಂದು ಹೋಯ್ತು ಟೀಚರೇ. ಹೇಳಿಕಳಿಸಿದ್ದು ನಿನ್ನೆ ಬಂತು" ಎಂದಳು ಎಮೆರೆನ್ಸಿಯಾನಾ ಅಜ್ಜಿ. "ಸುಮ್ನೆ ನಿಂತ್ಕೋಬೇಡಿ, ಈ ಹಾಸಿಗೆ ಒಂದು ತುದಿ ಹಿಡ್ಕೊಳ್ಳಿ. ಒದ್ದೆಯಾಗಿ ಹೆಣಭಾರ ಆಗಿದೆ."

ಟೀಚರ್ ಡಾಕ್ಟರ ಕಡೆ ನೋಡಿದರು, ಸುನಿಲ್ದಾಳ ಕಡೆ ನೋಡಿದರು. ಆಮೇಲೆ ಪ್ರಮಾಣಪತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಹಾಸಿಗೆಯ ತುದಿ ಹಿಡಿದರು.

ನಾನು ಮೇಜು ಹಾಕಿ ರುಜು ಪಡೆದೆ. 'ಸೂಚನೆಯು ಸಕಾಲಕ್ಕೆ ತಲುಪಿರುತ್ತದೆ' ಎಂಬ ವಾಕ್ಯದ ಕೆಳಗೆ ಎಲ್ಲರೂ ರುಜು ಹಾಕಿದರು. ಬರೆಯಲು ಬಾರದವರ ಪರವಾಗಿ ಸುನಿಲ್ದಾ ಅವರವರ ಹೆಸರು ಬರೆದುಕೊಟ್ಟಳು. ಅವಳ ಅಕ್ಷರ ದುಂಡಗಿದೆಯೆಂದು ಡಾಕ್ಟರು ಮೆಚ್ಚಿ, ಒಂದು ಸಣ್ಣ ಭೂಗೋಳ ಕೊಟ್ಟರು. ಫಲಕವನ್ನು ಗೋಡೆಗೆ ಹೊಡೆಯಲಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ದೋನ್ ಎವಾರಿಸ್ತೊ ಅವರ ಅತ್ತೆ ಕೂಡ, ತಡವಾಗಿಯಾದರೂ, ತಟ್ಟಿದರು.

ಸಂಜೆಯ ಹೊತ್ತಿಗೆ ಜನ ಹಾಸಿಗೆ ಸುತ್ತಿಕೊಂಡು ಇಳಿಯಲು ಸಿದ್ಧರಾದರು. ಆಗ ನಾನು ಪತ್ರವನ್ನು ಮತ್ತೊಮ್ಮೆ ಓದಬೇಕಾಯಿತು. ಮೇಲಕ್ಕೆ ಹೋಗುವಂತೆ ಅದರಲ್ಲಿ ಹೇಳಿತ್ತು. ಇಳಿಯುವ ಬಗ್ಗೆ ಏನೂ ಇರಲಿಲ್ಲ. ಡಾಕ್ಟರನ್ನು ಕೇಳಿದೆ. ಅವರು ಗಂಭೀರವಾಗಿ ಯೋಚಿಸಿ, ಸ್ಪಷ್ಟನೆ ಕೋರಿ ಬರೆಯುವುದೇ ಸೂಕ್ತ ಎಂದರು. ಅಂದೇ ಬರೆದು ಕಳಿಸಿದೆ.

"ಎಷ್ಟು ದಿನ ಆಗತ್ತೆ ಸಾರ್?" ಎಂದು ಜನ ಕೇಳಿದರು.

"ಹದಿನೈದು."

"ಕೆಲಸದ ದಿನಾನಾ?"

"ಕೆಲಸದ ದಿನ."

ಅವರು ತಲೆಯಾಡಿಸಿ, ಹಾಸಿಗೆಗಳನ್ನು ಮತ್ತೆ ಬಿಚ್ಚಿದರು.