ತಲೆಗಿಷ್ಟು ನೋಟ

ಉಚಿತ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಒಂದು, ಪುಕ್ಕಟೆ. ಇನ್ನೊಂದು, ತಕ್ಕದ್ದು, ಸರಿಯಾದದ್ದು. ಇವು ಬೇರೆ ಬೇರೆ ಎಂದು ಶಾಲೆಯಲ್ಲಿ ಮಾಸ್ತರು ಎಷ್ಟು ಹೇಳಿದರೂ ನನ್ನ ತಲೆಗೆ ಹತ್ತಲಿಲ್ಲ. ಪುಕ್ಕಟೆ ಸಿಕ್ಕಿದ್ದೇ ಸರಿಯಾದದ್ದು ಎಂದು ನಂಬಿ ಇಲ್ಲಿಯವರೆಗೆ ಬದುಕಿದ್ದೇನೆ. ಕಾಯಿಪಲ್ಲೆ ಕೊಂಡರೆ ಮೇಲೊಂದು ಎಸಳು ಕರಿಬೇವು ಬರಬೇಕು, ಬಟ್ಟೆ ಕೊಂಡರೆ ಕೈಚೀಲ ಬರಬೇಕು. ಮಾನ್ವಿಯ ಸಂತೆಯಲ್ಲಿ ಸೊಪ್ಪು ಮಾರುವ ಮುದುಕಿ ನನ್ನನ್ನು ದೂರದಿಂದ ಕಂಡರೆ ಸಾಕು, ಕರಿಬೇವನ್ನು ಗೋಣಿಚೀಲದ ಕೆಳಗೆ ಸರಿಸಿ ಮುಖ ಆಚೆ ಮಾಡುತ್ತಾಳೆ. ಊರಿನ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ನನಗೆ ಇದಕ್ಕಿಂತ ದೊಡ್ಡ ಹೆಸರು ಇಲ್ಲ. ಚೌಕಾಶಿಯಲ್ಲಿ ಸೋತು ಮನೆಗೆ ಬಂದವನಲ್ಲ ಎಂದು ನಾನೇ ಹೇಳಿಕೊಳ್ಳುತ್ತಿದ್ದೆ. ಗೆದ್ದು ಬಂದರೆ ಏನಾಗುತ್ತದೆ ಎಂಬುದು ಆ ಹೋಟೆಲಿಗೆ ಹೋಗುವತನಕ ಗೊತ್ತಿರಲಿಲ್ಲ.

ಹೋಟೆಲು ಇರುವುದು ರಾಯಚೂರು ಊರಿನ ಹೊರಗೆ, ಒಂದು ನೀರಾಟದ ಪಾರ್ಕಿನ ಒಳಗೆ. ಹೆಸರು ಹೇಳುವುದಿಲ್ಲ, ಹೇಳಿದ್ದಕ್ಕೂ ಬಿಲ್ಲು ಕಳಿಸಿಯಾರು. ನಮ್ಮ ಕಡೆ ಬಿಸಿಲು ಹೇಗೆಂದರೆ, ಮಧ್ಯಾಹ್ನ ನಲ್ಲಿಯ ನೀರಿಗೆ ಚಹಾಪುಡಿ ಹಾಕಿದರೆ ಬಣ್ಣ ಬಿಡುತ್ತದೆ. ಅಂಥ ಊರಿನಲ್ಲಿ ಅಲೆ ಏಳುವ ಕೊಳ, ಜಾರುವ ಕೊಳವೆ, ಬಣ್ಣದ ಕಾರಂಜಿ ಎಂದರೆ ಜನ ಮುಗಿಬೀಳದೆ ಇರುತ್ತಾರೆಯೆ? ಅದು ಶುರುವಾದ ಹೊಸತರಲ್ಲಿ ನಾನು, ನನ್ನ ಹೆಂಡತಿ ನೀಲಮ್ಮ ಮತ್ತು ದೇವದುರ್ಗದಿಂದ ಬಂದ ನನ್ನ ಅಕ್ಕ ಶರಣಮ್ಮ, ಮೂವರೂ ಒಂದು ರಾತ್ರಿ ಅಲ್ಲಿ ಇದ್ದು ಬಂದಿದ್ದೆವು. ಗೇಟಿನಿಂದ ಹೋಟೆಲಿಗೆ ಬ್ಯಾಟರಿ ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ಹೋದ ಕೂಡಲೇ ಗಾಜಿನ ಲೋಟದಲ್ಲಿ ಬಾದಾಮಿ ಹಾಲು. ಮುಂಜಾನೆ ಬೇಕಾದಷ್ಟು ಮಂಡಾಳ ಒಗ್ಗರಣೆ, ಮಿರ್ಚಿ. ಎಲ್ಲಕ್ಕಿಂತ ಹೆಚ್ಚಾಗಿ, ಕೋಣೆಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಸಂಜೆ ಎದುರಿಗೇ ಕಾರಂಜಿ. ಎಲ್ಲವೂ ಕೋಣೆಯ ಬಾಡಿಗೆಯಲ್ಲೇ ಸೇರಿತ್ತು.

ಅಕ್ಕ ದೇವದುರ್ಗದಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತಾಳೆ. ಗಂಡ ತೀರಿಕೊಂಡ ಮೇಲೆ ಅವಳ ಲೋಕವೆಲ್ಲ ಒಂದು ಹೊಲಿಗೆ ಯಂತ್ರ, ಒಂದು ಟ್ಯೂಬ್‌ಲೈಟು, ಸೀರೆಗೆ ಸರಿಹೊಂದುವ ಜಂಪರಿನ ಬಟ್ಟೆ ಹುಡುಕುವುದು. ಬಣ್ಣಗಳನ್ನು ಅವಳು ನಮ್ಮಂತೆ ಕೆಂಪು, ಹಸಿರು ಎಂದು ಕರೆಯುವುದಿಲ್ಲ. ಆ ಸಂಜೆ ಕಾರಂಜಿ ಎದ್ದಾಗ, "ನೀಲವ್ವಾ, ಅದು ಬದನಿಕಾಯಿ ಬಣ್ಣ ನೋಡು. ಈಗ ಆನಂದಾ ಕಲರ್ ಆತು. ಅಯ್ಯ, ಗಿಣಿ ಹಸರು ಬಂತು!" ಎಂದು ಸಣ್ಣ ಹುಡುಗಿಯಂತೆ ಚಪ್ಪಾಳೆ ತಟ್ಟಿದ್ದಳು. ಊರಿಗೆ ಹೋಗಿ ಅದೇ ಜೋಡಿಯ ಜಂಪರುಗಳನ್ನು ಹೊಲಿದಳಂತೆ, ಅರಕೇರಾದವರೆಗೂ ಗಿರಾಕಿಗಳಾದರಂತೆ.

ಈ ಬೇಸಿಗೆಯಲ್ಲಿ ಅಕ್ಕನಿಗೆ ಸೂಜಿಯ ಕಣ್ಣು ಸಿಗುವುದು ಕಷ್ಟವಾಯಿತು. ಬದಿಯಲ್ಲಿ ಬಂದವರು ಎದುರಿಗೆ ಬರುವತನಕ ಕಾಣುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಂಡು, "ಈ ಮನಿ ಕಟ್ಟಿದಾಂವಗ ಅಳತಿ ಬರ್ತಿದ್ದಿಲ್ಲ" ಎಂದು ಗೌಂಡಿಯನ್ನು ಬೈಯುತ್ತಿದ್ದಳು. ರಾಯಚೂರಿನ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಏನೇನೋ ಯಂತ್ರಕ್ಕೆ ಗದ್ದ ಆನಿಸಿ ನೋಡಿ, ಅಕ್ಕನನ್ನು ಹೊರಗೆ ಕೂರಿಸಿ ನನ್ನೊಬ್ಬನಿಗೆ ಹೇಳಿದರು: "ಕಣ್ಣಿನ ನರ ಒಣಗ್ಯಾವ್ರೀ. ಭಾಳ ತಡಾ ಮಾಡೀರಿ. ಹೋದದ್ದು ತಿರಿಗಿ ಬರಂಗಿಲ್ಲ. ಔಷಧ ಹಾಕ್ಕೊಂತ ಇರೋದನ್ನ ಎಷ್ಟು ದಿನ ಕಾಯಾಕ ಆಗ್ತದೋ ಕಾಯೂಣು."

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಕ್ಕ, "ಏನಂದ್ರೋ ತಮ್ಮಾ?" ಎಂದಳು. ನಾನು, "ಏನಿಲ್ಲ, ಡ್ರಾಪ್ಸ್ ಕೊಟ್ಟಾರ. ಹಾಕ್ಕೊಂಡ್ರ ಸರಿ ಹೋಗ್ತದಂತ" ಎಂದೆ. ಕಷ್ಟದ ಸುದ್ದಿಯನ್ನು ಮುಂದಕ್ಕೆ ಹಾಕುವುದು ಕಚೇರಿಯಲ್ಲಿ ಕಲಿತ ವಿದ್ಯೆ. ಕಡತವನ್ನು ಮೇಲಿನವರಿಗೂ ಕಳಿಸಬಾರದು, ಕೆಳಗಿನವರಿಗೂ ಕೊಡಬಾರದು. ಸುಮ್ಮನೆ ಇಟ್ಟರೆ ಅದರ ಪಾಡಿಗೆ ಅದು ಹಳೆಯದಾಗುತ್ತದೆ. ಮನೆಗೆ ಬಂದು ನೀಲಮ್ಮನಿಗೆ ಮಾತ್ರ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನೂ ಅಷ್ಟಿಷ್ಟು ಕಾಣ್ತದಲ್ಲರೀ. ಆ ಕಾರಂಜಿ ಒಂದ್ಸಲ ತೋರಿಸ್ಕೊಂಡು ಬರೂಣು. ಯಕ್ಕ ಅದನ್ನ ಎಷ್ಟು ನೆನೀತಾಳ" ಎಂದಳು. ಅಕ್ಕನಿಗೆ ಸಂಶಯ ಬರಬಾರದೆಂದು, ನಮ್ಮ ಲಗ್ನದ ವಾರ್ಷಿಕೋತ್ಸವ ಎಂದು ಸುಳ್ಳು ಹೇಳಿದೆ. "ನಿಮ್ಮ ಲಗ್ನ ಆಗಿದ್ದು ದೀಪಾವಳಿ ಆದಮ್ಯಾಲಲ್ಲೇನು?" ಎಂದಳು ಅಕ್ಕ. ಈ ತಪ್ಪಿಗಾಗಿ ನೀಲಮ್ಮ ಒಂದು ವಾರ ಚಹಾಕ್ಕೆ ಸಕ್ಕರೆ ಹಾಕಲಿಲ್ಲ. ಸುಳ್ಳು ಹೇಳಿದ್ದಕ್ಕಲ್ಲ, ನಿಜವಾದ ದಿನ ನನಗೆ ನೆನಪೇ ಇರಲಿಲ್ಲ ಎಂದು ಬಯಲಾಗಿದ್ದಕ್ಕೆ.

ಹೋದೆವು. ಗೇಟಿನಲ್ಲಿ ಬ್ಯಾಟರಿ ಗಾಡಿ ನಿಂತಿತ್ತು. ಹತ್ತಲು ಹೋದರೆ ಟಿಕೆಟ್ಟು ಕೇಳಿದರು. ಹಟಕ್ಕೆ ಬಿದ್ದು ನಡೆದೇ ಹೋದೆವು. ಅಕ್ಕ ನೀಲಮ್ಮನ ತೋಳು ಹಿಡಿದುಕೊಂಡು, ಮೆಟ್ಟಿಲು ಇಲ್ಲದ ಕಡೆಯೂ ಕಾಲೆತ್ತಿ ಇಡುತ್ತ ಬಂದಳು. ಬಿಸಿಲಿಗೆ ಮೂವರೂ ಬೆಂದ ಬದನೆಕಾಯಿಯಾಗಿದ್ದೆವು. ಬಾದಾಮಿ ಹಾಲಿನ ಜಾಗದಲ್ಲಿ ಬೆರಳುದ್ದದ ಕಾಗದದ ಕಪ್ಪಿನಲ್ಲಿ ನಿಂಬೆ ಶರಬತ್ತು ಕೊಟ್ಟರು, ಅದೂ ತಲೆಗೊಂದೇ. ಅವರಿಬ್ಬರನ್ನೂ ಸೋಫಾದ ಮೇಲೆ ಕೂರಿಸಿ ನಾನು ಕೌಂಟರಿಗೆ ಹೋದೆ.

ಕೌಂಟರಿನಲ್ಲಿದ್ದ ಹೆಣ್ಣುಮಗಳು ನಮ್ಮ ಕಡೆಯವಳೇ. ನಗುತ್ತ ನಮಸ್ಕಾರ ಮಾಡಿ ಬಿಲ್ಲು ಓದತೊಡಗಿದಳು. ಕೋಣೆಯ ಬಾಡಿಗೆ ಸರಿ. ಅದರ ಕೆಳಗೆ ರಿಸಾರ್ಟ್ ಫೀ.

"ಇದು ಎದಕ್ರೀ?"

"ರಿಸಾರ್ಟ್‌ನ್ಯಾಗ ಇರ್ತೀರಲ್ರೀ ಸರ್, ಅದಕ."

"ಮತ್ತ ಬಾಡಿಗಿ ಎದಕ?"

"ಅದು ರೂಮಿಂದ್ರೀ."

ಮುಂಜಾನೆಯ ತಿಂಡಿಗೆ ಬೇರೆ, ಟವೆಲ್ಲಿಗೆ ಮುಂಗಡ ಬೇರೆ. ಮೊದಲು ಹೋಟೆಲಿನಲ್ಲಿ ಇಳಿದುಕೊಂಡವರನ್ನು ಉಳಿದವರಿಗಿಂತ ಮುಂಚೆ ಪಾರ್ಕಿನೊಳಗೆ ಬಿಡುತ್ತಿದ್ದರು. ಈಗ ಅದಕ್ಕೂ ಬೇರೆ ಪಾಸು. "ಏನವ್ವಾ, ಹೊಳ್ಳಿ ಹೋಗಾಕೂ ಫೀ ಐತೇನು?" ಎಂದೆ. ಅವಳು ನಗು ಬಿಟ್ಟು ಮೆಲ್ಲಗೆ, "ನಮಗೂ ಮಧ್ಯಾಹ್ನದ ಊಟ ಬಂದ್ ಮಾಡ್ಯಾರ್ರೀ ಸರ್. ಮನಿಯಿಂದ ಬುತ್ತಿ ತರ್ತೀವಿ" ಎಂದಳು. ಅಲ್ಲಿಗೇ ನಾನು ಸುಮ್ಮನಾಗಬೇಕಿತ್ತು. ಆದರೆ ಬಿಲ್ಲಿನ ಕೊನೆಯ ಸಾಲು ಕಣ್ಣಿಗೆ ಬಿತ್ತು. ಕಾರಂಜಿಯ ಕಡೆ ಬಾಲ್ಕನಿ ಇರುವ ಕೋಣೆಗೆ ವ್ಯೂ ಚಾರ್ಜು, ಅಂದರೆ ನೋಟದ ಶುಲ್ಕ. ಅದೂ ಕೋಣೆಗೆ ಇಷ್ಟೆಂದಲ್ಲ, ತಲೆಗೆ ಇಷ್ಟು.

ನನ್ನೊಳಗಿನ ಸಂತೆಯ ಮನುಷ್ಯ ಎದ್ದು ನಿಂತ. ಕಣ್ಣು ನಮ್ಮವು, ಕೊರಳು ನಮ್ಮದು, ಅದನ್ನು ಆ ಕಡೆ ತಿರುಗಿಸಿದ್ದಕ್ಕೆ ಇವರಿಗೇಕೆ ಕೊಡಬೇಕು ಎಂದು ವಾದಿಸಿದೆ. ನಾನು ಬಾಲ್ಕನಿಗೆ ಬೆನ್ನು ಮಾಡಿ ಕೂರುತ್ತೇನೆ, ನನ್ನದೊಂದು ತೆಗೆಯಿರಿ ಎಂದೆ. ಅವಳು, "ಸಿಸ್ಟಮ್‌ನ್ಯಾಗ ಹಂಗ ಬರಂಗಿಲ್ರೀ" ಎಂದಳು. ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ಯಾರೋ ಗೊಣಗಿದರು. ನಾನು ಗೆಲ್ಲುವ ಹುರುಪಿನಲ್ಲಿ, ನನ್ನ ಹತ್ತಿರವಿದ್ದ ದೊಡ್ಡ ಕಲ್ಲನ್ನೇ ಎತ್ತಿ ಹಾಕಿದೆ:

"ಅಲ್ರೀ, ಅಲ್ಲಿ ಕುಂತಾಳಲ್ಲ ನಮ್ಮಕ್ಕ, ಅಕಿ ಕಣ್ಣು ಹೋಗಾಕತ್ಯಾವ. ನರ ಒಣಗ್ಯಾವ, ತಿರಿಗಿ ಬರಂಗಿಲ್ಲಂತ ಡಾಕ್ಟರೇ ಹೇಳ್ಯಾರ. ಇನ್ನ ಸ್ವಲ್ಪ ದಿನಕ್ಕ ಪೂರಾ ಕುರುಡಿ ಆಗಾಕಿ. ಅಂಥಾಕಿ ತಲಿಗೂ ನೋಟದ ರೊಕ್ಕ ಹಚ್ತೀರೇನು?"

ಹೆಣ್ಣುಮಗಳು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಭುಜದ ಆಚೆ ನೋಡುತ್ತಿದ್ದಳು. ತಿರುಗಿದೆ. ಅಕ್ಕ ನನ್ನ ಹಿಂದೆಯೇ ನಿಂತಿದ್ದಳು. ಇನ್ನೊಂದು ಕಪ್ಪು ಶರಬತ್ತು ಸಿಗುತ್ತದೆಯೇ ಎಂದು ಕೇಳಲು, ಸೋಫಾದಿಂದ ಕೌಂಟರಿನವರೆಗೆ ತಾನೊಬ್ಬಳೇ ನಡೆದು ಬಂದಿದ್ದಳು. ಕೈಯಲ್ಲಿ ಖಾಲಿ ಕಪ್ಪು ಇತ್ತು.

"ಸರ್, ಮೇಡಮ್‌ದು ತೆಗೀತೀನ್ರೀ" ಎಂದಳು ಕೌಂಟರಿನವಳು.

ಅಕ್ಕ ಕಪ್ಪನ್ನು ಕೌಂಟರಿನ ಮೇಲೆ ಇಟ್ಟಳು. "ತೆಗೀಬ್ಯಾಡವ್ವಾ. ನಂದೂ ಹಚ್ಚು" ಎಂದಳು.

ಕೋಣೆಗೆ ಹೋಗಿ ಅವಳು ಮಂಚದ ಅಂಚಿನಲ್ಲಿ ಕೂತಳು. ನೀಲಮ್ಮ ನನ್ನ ಮುಖ ನೋಡಲಿಲ್ಲ. ಬಚ್ಚಲಿಗೆ ಹೋಗಿ ನಿಂತೆ. ಅಲ್ಲಿ ಬೋರೆಹಣ್ಣಿನಷ್ಟು ದೊಡ್ಡ ಸೋಪು ಇತ್ತು. ಹೊಸತರಲ್ಲಿ ಅಂಗೈ ತುಂಬುವಂಥದ್ದು ಕೊಟ್ಟಿದ್ದರಲ್ಲ ಎಂದು ಅಂಥ ಹೊತ್ತಿನಲ್ಲೂ ನನಗೆ ಅನ್ನಿಸಿತು. ಮನುಷ್ಯ ಎಂಥ ಪ್ರಾಣಿ ನೋಡಿ. ಎಷ್ಟು ಹೊತ್ತು ಅಂತ ಸೋಪು ನೋಡುತ್ತ ನಿಲ್ಲುವುದು? ಹೊರಗೆ ಬಂದೆ.

"ಡಾಕ್ಟರು ಅಂದದ್ದು ಅಂದಂಗ ಹೇಳು" ಎಂದಳು ಅಕ್ಕ. ಹೇಳಿದೆ. ಈ ಸಲ ಏನನ್ನೂ ಬಿಡಲಿಲ್ಲ.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. "ಮನ್ನೆ ಮನ್ನೆ ಮಷೀನಿಗೆ ಹೊಸ ಮೋಟಾರ ಕುಂದ್ರಿಸೀನಿ" ಎಂದಳು. ಮತ್ತೆ, "ಹಬ್ಬದ ಸೀಜನ್ನಿಗೆ ಅಂತ ಎಷ್ಟು ಮಂದಿ ಹತ್ರ ಬಟ್ಟಿ ಇಸ್ಕೊಂಡೀನಿ. ನೀ ಅವತ್ತ ಹೇಳಿದ್ದರ ಒಲ್ಲೆ ಅಂತಿದ್ದೆ. ಬಾಜೂಮನಿ ಹಸೀನಾಗ ಕಟಿಂಗ್ ಕಲಿಸಾಕರ ಚಾಲೂ ಮಾಡ್ತಿದ್ದೆ. ಕೆಲಸ ಕೈ ಬಿಟ್ಟುಹೋಗೂದಕ್ಕೂ, ನಾನಾಗಿ ಇನ್ನೊಬ್ಬರ ಕೈಯಾಗ ಇಡೂದಕ್ಕೂ ಫರಕ್ ಇಲ್ಲೇನೋ?" ಎಂದಳು. ಕೊನೆಗೆ ಅವಳೇ, "ಯಾರೋ ಗುರ್ತಿಲ್ಲದ ಹುಡಿಗಿಗೆ ಹೇಳಿದಿ. ನನಗ ಹೇಳಾಕ ನಿನಗ ಬಾಯಿ ಬರಲಿಲ್ಲ" ಎಂದು ಗೋಡೆಯ ಕಡೆ ತಿರುಗಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಹೇಳಿದ್ದು ಬೈಗುಳದಂತಿರಲಿಲ್ಲ, ಅಳತೆ ತೆಗೆದುಕೊಂಡಂತಿತ್ತು.

ಸಂಜೆ ಕತ್ತಲಾಗುವ ಹೊತ್ತಿಗೆ ನೀಲಮ್ಮ ಬಾಲ್ಕನಿಯಲ್ಲಿ ಕುರ್ಚಿ ಹಾಕಿದಳು. ಇದ್ದದ್ದು ಎರಡೇ ಕುರ್ಚಿ. ಮೂರನೆಯದಕ್ಕೆ ಫೋನು ಮಾಡಿ ಕೇಳಲು ನನಗೆ ಧೈರ್ಯ ಬರಲಿಲ್ಲ. ನಾನು ಹಿಂದೆ ನಿಂತೆ. ಮೊದಲು ಲೌಡ್‌ಸ್ಪೀಕರಿನಲ್ಲಿ ಮರುದಿನದ ತಿಂಡಿಯ ಜಾಹೀರಾತು ಬಂತು. ಆಮೇಲೆ ಕಾರಂಜಿ ಎದ್ದಿತು. ಹಳೆಯದರ ಅರ್ಧದಷ್ಟೂ ಇರಲಿಲ್ಲ. ಬದಿಯ ಕೊಳವೆಗಳನ್ನು ಬಂದ್ ಮಾಡಿದ್ದರು, ನಡುವಿನ ನೀರಷ್ಟೇ ಎದ್ದು ಬೀಳುತ್ತಿತ್ತು. ಅಕ್ಕ ಅದನ್ನು ಒಟ್ಟಿಗೆ ನೋಡಲಾರದೆ, ತಲೆಯನ್ನು ಮೆಲ್ಲಗೆ ಮೇಲಕ್ಕೆ, ಕೆಳಕ್ಕೆ, ಪಕ್ಕಕ್ಕೆ ಆಡಿಸುತ್ತ ತುಂಡು ತುಂಡಾಗಿ ನೋಡುತ್ತಿದ್ದಳು. ಬಟ್ಟೆಯ ಮೇಲೆ ಟೇಪು ಸರಿಸಿದಂತೆ. ಬಾಯಲ್ಲಿ ಮಾತ್ರ ಬಣ್ಣಗಳ ಹೆಸರು ಬರುತ್ತಲೇ ಇತ್ತು. ಮೊದಲಿನಂತೆ ಕೂಗಿ ಅಲ್ಲ, ತನಗೆ ತಾನೇ, ನೆನಪಿನಲ್ಲಿ ಇಟ್ಟುಕೊಳ್ಳುವವರಂತೆ. ನಾನು? ನಾನು ಕೈಯಲ್ಲಿದ್ದ ಬಿಲ್ಲನ್ನು ಬಾಲ್ಕನಿಯ ದೀಪಕ್ಕೆ ಹಿಡಿದು, ಅವಳ ತಲೆಯ ಶುಲ್ಕವನ್ನು ಆ ಹುಡುಗಿ ಕೊನೆಗೂ ಹಚ್ಚಿದಳೋ ಬಿಟ್ಟಳೋ ಎಂದು ನೋಡುತ್ತಿದ್ದೆ. ಬಿಟ್ಟಿದ್ದಳು. ನಾನು ಗೆದ್ದಿದ್ದೆ.

ಒಮ್ಮೆಲೇ ನೀರು ನಿಂತು ಎದುರಿಗೆಲ್ಲ ಕಪ್ಪಾಯಿತು. ಹೊಸತರಲ್ಲಿ ನೋಡಿ ನೋಡಿ ಸಾಕೆನ್ನುವಷ್ಟು ಹೊತ್ತು ನಡೆದಿದ್ದ ಆಟ, ಈಗ ಶುರುವಾಯಿತು ಎನ್ನುವಷ್ಟರಲ್ಲಿ ಮುಗಿದಿತ್ತು.

ಅಕ್ಕ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದಳು. "ಮುಗೀತೇನೋ, ಇಲ್ಲಾ ನನಗ ಕಾಣವಲ್ದೋ?"

"ಮುಗೀತಕ್ಕಾ" ಎಂದೆ.

ಅವಳು ನನ್ನ ಕಡೆ ತಿರುಗಲಿಲ್ಲ. ಪಕ್ಕಕ್ಕೆ ಕೈಚಾಚಿ ನೀಲಮ್ಮನ ಮೊಣಕೈ ಹುಡುಕಿ ಹಿಡಿದು, "ಖರೇ ಏನವ್ವಾ?" ಎಂದು ಕೇಳಿದಳು.

"ಖರೇ ಯಕ್ಕಾ. ಮುಗೀತು" ಎಂದಳು ನೀಲಮ್ಮ. ಆಗ ಅಕ್ಕನ ಕೈ ಸಡಿಲವಾಯಿತು.

ಈಗ ಹಸೀನಾ ಅಕ್ಕನ ಯಂತ್ರದ ಮೇಲೆ ಕೂತು ಹೊಲಿಯುತ್ತಾಳೆ. ಅಕ್ಕ ಪಕ್ಕದಲ್ಲಿ ಕೂತು ಬಟ್ಟೆಯನ್ನು ಬೆರಳಿನಲ್ಲಿ ತೀಡಿ ನೋಡುತ್ತ, "ಓರೆ ಹೊಂಟದ ಬೇ, ಬಿಚ್ಚು" ಎಂದು ಗದರುತ್ತಾಳಂತೆ. ನಾನು ಭಾನುವಾರ ಬಸ್ಸು ಹತ್ತಿ ದೇವದುರ್ಗಕ್ಕೆ ಹೋಗಿ ಔಷಧ ಕೊಟ್ಟು ಬರುತ್ತೇನೆ. ಅಂಗಡಿಯವನು ಪುಕ್ಕಟೆ ಕೊಟ್ಟ ಪಂಚಾಂಗವನ್ನೂ ಒಮ್ಮೆ ಒಯ್ದಿದ್ದೆ, "ಯಾರಿಗೋ?" ಎಂದು ಕೇಳಿದಳು. ಬಾಟಲಿಯ ಮೇಲೆ ಏನು ಬರೆದಿದೆ ಎಂದು ನಾನು ಓದಿ ಹೇಳಿದರೆ ಹೂಂಗುಟ್ಟುತ್ತಾಳೆ. ನಾನು ಅಂಗಳ ದಾಟುವ ಮೊದಲೇ ಹಸೀನಾಳನ್ನು ಕರೆದು ಇನ್ನೊಮ್ಮೆ ಓದಿಸುತ್ತಾಳೆ.

ಕಳೆದ ವಾರ ಅವಳೇ ಫೋನು ಮಾಡಿದಳು. ಗಿರಾಕಿಯೊಬ್ಬರಿಗೆ ಆ ಕಾರಂಜಿಯ ಬಣ್ಣಗಳ ಜಂಪರು ಬೇಕಂತೆ. "ಎಲ್ಲಾ ನೆನಪದ. ಕಡೀಗೆ ಒಂದು ಬಂತಲ್ಲ, ನಿಲ್ಲೂ ಮುಂದ, ಅದು ನನಗ ಚಂದಂಗಿ ಸಿಗಲಿಲ್ಲ. ಯಾವ ಬಣ್ಣ ಅದು?" ಎಂದಳು. ನಾನು ಒಂದು ಕ್ಷಣವೂ ತಡೆಯದೆ, "ಹಸರು" ಎಂದೆ. ಅವಳು, "ಫೋನು ನೀಲವ್ವನ ಕೈಯಾಗ ಕೊಡು" ಎಂದಳು.

ನೀಲಮ್ಮ ಫೋನು ತೆಗೆದುಕೊಂಡು, "ಹಸರು ಬರಲೇ ಇಲ್ಲ ಬಿಡು ಯಕ್ಕಾ ಈ ಸಲ. ಕಡೀಗೆ ಬಂದದ್ದು ಅರಿಶಿಣ ಬಣ್ಣ, ಅಂಚಿಗೆ ಸ್ವಲ್ಪ ಕೇಸರಿ" ಎನ್ನುತ್ತ ಒಳಗೆ ಹೋದಳು. ನಾನು ನಡುಮನೆಯಲ್ಲಿ ಕೂತಿದ್ದೆ. ಅಕ್ಕನ ಕಣ್ಣು ನೋಡಿದ ಡಾಕ್ಟರು ಅದೇ ದಿನ ನನ್ನ ಕಣ್ಣುಗಳನ್ನೂ ಪರೀಕ್ಷೆ ಮಾಡಿದ್ದರು, ಅಕ್ಕನ ಜೊತೆ ಬಂದವನೆಂದು ಫೀ ತೆಗೆದುಕೊಳ್ಳದೆ. ಎರಡೂ ಹದ್ದಿನ ಕಣ್ಣು, ಇಷ್ಟು ಚಲೋ ಕಣ್ಣು ಈ ವಯಸ್ಸಿನಲ್ಲಿ ನೋಡಿಲ್ಲ ಎಂದು ಬೆನ್ನು ತಟ್ಟಿ ಕಳಿಸಿದ್ದರು.