ಮಾಮಿಯ ಕ್ಯಾಸೆಟ್ಟು ಮತ್ತು ಕನೆಕ್ಟರಿನ ಹಲ್ಲು

ಎಳೆದರೆ ಬಾರದ ವಸ್ತು ಈ ಭೂಮಿಯ ಮೇಲೆ ಇಲ್ಲ ಎಂದು ನಾನು ಎಪ್ಪತ್ತು ವರ್ಷ ನಂಬಿದ್ದೆ. ಬಾವಿಯ ಕೊಡಪಾನ, ಹಟ ಹಿಡಿದ ಕರು, ಮದುವೆ ಮನೆಯಲ್ಲಿ ಇಸ್ಪೀಟು ಆಡುತ್ತ ಕುಳಿತ ಗಂಡ, ಎಲ್ಲವನ್ನೂ ಎಳೆದು ತಂದವಳು ನಾನು. ಕಳೆದ ತಿಂಗಳು ಉಗುರಿನಷ್ಟು ದೊಡ್ಡ ಒಂದು ಪ್ಲಾಸ್ಟಿಕ್ ತುಂಡು ಆ ನಂಬಿಕೆಯನ್ನು ಮುರಿಯಿತು. ಸರಿಯಾಗಿ ಹೇಳಬೇಕೆಂದರೆ, ನಾನು ಅದನ್ನು ಮುರಿದೆ!

ಸಂಗತಿ ಇಷ್ಟು. ಬೊಂಬಾಯಿಯಲ್ಲಿರುವ ನನ್ನ ನಾದಿನಿ ಸುಲೋಚನಾ ಫೋನ್ ಮಾಡಿದಳು.

"ಅತ್ತಿಗೆ, ಬುಧವಾರ ಬರ್ತೇನೆ. ಅಮ್ಮನ ಕ್ಯಾಸೆಟ್ಟು ಉಂಟಲ್ಲಾ? ಒಮ್ಮೆ ಕೇಳಬೇಕು ಅಂತ ಆಗ್ತಾ ಉಂಟು."

"ಉಂಟು ಮಾರಾಯ್ತಿ. ನೀನು ಬಾ. ನಾನು ಕೇಳಿಸ್ತೇನೆ" ಎಂದೆ.

ಅವಳ ಅಮ್ಮ ಎಂದರೆ ನನ್ನ ಅತ್ತೆ. ನಮ್ಮ ತುಳುವಿನಲ್ಲಿ ಮಾಮಿ. ಮಾಮಿ ತೀರಿಹೋದಾಗ ಸುಲೋಚನಾ ಬೊಂಬಾಯಿಯಿಂದ ಬಸ್ಸು ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳಿಗೆ ಮುಖ ಸಿಗಲಿಲ್ಲ. ಫೋಟೋವಾದರೂ ಉಂಟೇ ಎಂದರೆ ಒಂದು ಉಂಟು. ಮದುವೆಯ ಗುಂಪಿನ ಫೋಟೋ. ಅದರಲ್ಲಿ ಮಾಮಿ ಯಾರನ್ನೋ ಬೈಯಲು ಆಚೆ ತಿರುಗಿದ್ದಾರೆ. ತುರುಬು ಮಾತ್ರ ಚೆನ್ನಾಗಿ ಬಂದಿದೆ. ಹಾಗಾಗಿ ಈಗ ಮಾಮಿ ಎಂದರೆ ಆ ಕ್ಯಾಸೆಟ್ಟು ಒಂದೇ.

ಆ ಕ್ಯಾಸೆಟ್ಟು ನಮ್ಮ ಮನೆಯವರು ಮಸ್ಕತ್ತಿನಲ್ಲಿದ್ದ ಕಾಲದ್ದು. ನನಗೆ ನಾಲ್ಕನೇ ಕ್ಲಾಸಿನವರೆಗಿನ ಅಕ್ಷರ, ಮಾಮಿಗೆ ಅದೂ ಇಲ್ಲ. ಪತ್ರ ಬರೆಸಲು ಪಕ್ಕದ ಮನೆಗೆ ಹೋಗಬೇಕು. ಬರೆಸಿದ್ದು ಮಸ್ಕತ್ತಿಗೆ ಮುಟ್ಟುವ ಮೊದಲು ನಮ್ಮ ಇಡೀ ಜೆಪ್ಪು ಊರಿಗೆ ಮುಟ್ಟುತ್ತಿತ್ತು. ಅದಕ್ಕೆ ಇವರು ಮೊದಲ ರಜೆಯಲ್ಲಿ ಒಂದು ಟೂ-ಇನ್-ವನ್ ತಂದರು. ರೇಡಿಯೋ, ಟೇಪು ಎರಡೂ ಅದರಲ್ಲೇ. ಪತ್ರದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ, ಮಸ್ಕತ್ತಿಗೆ ಹೋಗುವವರ ಕೈಯಲ್ಲಿ ಕಳಿಸುವುದು.

ಮಧ್ಯಾಹ್ನ ನಾನು ಮಡಿಲಲ್ಲಿ ಮೊರ ಇಟ್ಟು ಬೀಡಿ ಕಟ್ಟುತ್ತಿದ್ದೆ. ಆಗಿನ್ನೂ ಮದುವೆಯಾಗದ ಸುಲೋಚನಾ ಎಲೆ ಕತ್ತರಿಸುತ್ತಿದ್ದಳು. ಮಾಮಿ ಮುಖ ತೊಳೆದು, ಕುಂಕುಮ ಇಟ್ಟು, ಸೆರಗು ಸರಿ ಮಾಡಿ ಪೆಟ್ಟಿಗೆಯ ಎದುರು ಕೂರುತ್ತಿದ್ದರು. ಪೆಟ್ಟಿಗೆಗೆ ಕಣ್ಣಿಲ್ಲ ಮಾಮಿ ಎಂದರೆ ಸಿಟ್ಟು. "ನನ್ನ ಮಗನ ಎದುರು ಹೇಗೆಂದರೆ ಹಾಗೆ ಕೂತುಕೊಳ್ಳುವುದಾ?" ನಾನು ಕಟ್ಟಿದ ಬೀಡಿ ಕೊಡಲು ಬೀಡಿ ಕಂಪೆನಿಯ ಬ್ರಾಂಚಿಗೆ ಹೋದ ಮೇಲೂ ಅವರ ಮಾತು ನಿಲ್ಲುತ್ತಿರಲಿಲ್ಲವಂತೆ. ಆಗ ಎಂತ ಹೇಳುತ್ತಿದ್ದರೋ ನನಗೆ ಗೊತ್ತಿಲ್ಲ. ಕ್ಯಾಸೆಟ್ಟು ಪೂರ್ತಿ ಕೇಳಿದವರು ಇವರೊಬ್ಬರೇ. ಕೇಳಿದರೆ, "ನೀನು ಕೇಳದಿದ್ದರೇ ಒಳ್ಳೆಯದು" ಎಂದು ಮೀಸೆಯೊಳಗೆ ನಗುತ್ತಾರೆ.

ಊರಿಗೆ ಮರಳಿ ಬಂದ ಮೇಲೆ ಇವರು ಒಂದು ಮಹತ್ಕಾರ್ಯ ಮಾಡಿದರು. ಮಾಮಿಯ ಹತ್ತು ಹದಿನೈದು ಕ್ಯಾಸೆಟ್ಟುಗಳ ಮೇಲೆ ಯಕ್ಷಗಾನ ತುಂಬಿಸಿಬಿಟ್ಟರು! ಆಗ ಮಾಮಿ ಜೀವಂತ ಇದ್ದರು. ಬೇಕಾದಷ್ಟು ಬೈಗಳು ಹೊಸದಾಗಿಯೇ ಸಿಗುತ್ತಿತ್ತು, ಹಳತನ್ನು ಯಾರು ಇಟ್ಟುಕೊಳ್ಳುತ್ತಾರೆ? ಒಂದು ಕ್ಯಾಸೆಟ್ಟು ಮಾತ್ರ ಉಳಿಯಿತು. ಅದರ ಬೆನ್ನಿನ ಮೇಲಿದ್ದ ಒಂದು ಚಿಕ್ಕ ಪ್ಲಾಸ್ಟಿಕ್ ತುಂಡನ್ನು ಇವರು ಮಸ್ಕತ್ತಿನಿಂದ ತಂದ ಸಾಮಾನಿನ ಪೆಟ್ಟಿಗೆ ಬಿಚ್ಚುವಾಗ ನಾನು ಕೈತಪ್ಪಿ ಮುರಿದಿದ್ದೆ. ಆ ತುಂಡು ಮುರಿದರೆ ಮತ್ತೆ ರೆಕಾರ್ಡ್ ಮಾಡಲು ಗುಂಡಿಯೇ ಒತ್ತಿಕೊಳ್ಳುವುದಿಲ್ಲವಂತೆ. ಇವರು ಯಕ್ಷಗಾನ ತುಂಬಿಸಲು ಒದ್ದಾಡಿ, ನನಗೆ ಬೈದು ಬಿಟ್ಟುಬಿಟ್ಟರು. ಮಾಮಿ ಬದುಕಿಕೊಂಡರು.

ಅಂದಿನಿಂದ ನನಗೆ ಒಂದು ಜ್ಞಾನೋದಯ: ಸಣ್ಣ ಪ್ಲಾಸ್ಟಿಕ್ ತುಂಡುಗಳನ್ನು ಮುರಿದರೆ ಒಳ್ಳೆಯದೇ ಆಗುತ್ತದೆ!

ಬುಧವಾರ ಬೆಳಿಗ್ಗೆ ಟೂ-ಇನ್-ವನ್ನನ್ನು ಅಟ್ಟದಿಂದ ಇಳಿಸಿ ವಯರು ಚುಚ್ಚಿದೆ. ಕೆಂಪು ದೀಪ ಬಂತು. ರೇಡಿಯೋ ಬುಸುಗುಟ್ಟಿತು. ಟೇಪಿನ ಚಕ್ರ ಮಾತ್ರ ತಿರುಗಲಿಲ್ಲ.

ಇವರು ಕುರ್ಚಿಯಿಂದಲೇ ತೀರ್ಪು ಕೊಟ್ಟರು. "ಹಮೀದ ಬರಲಿ. ನೀನು ಕೈ ಹಾಕಬೇಡ."

ಹಮೀದ, ನಾವೆಲ್ಲ ಕರೆಯುವ ಹಮೀದಾಕ, ನಮ್ಮ ರಸ್ತೆಯ ತುದಿಯಲ್ಲಿ ರಿಪೇರಿ ಅಂಗಡಿ ಇಟ್ಟವರು. ಮಸ್ಕತ್ತಿನಲ್ಲಿ ಇವರೊಂದಿಗೆ ಒಂದೇ ರೂಮಿನಲ್ಲಿದ್ದವರು. ಅಂದು ಮಗಳ ಮನೆಗೆಂದು ಕೂಳೂರಿಗೆ ಹೋಗಿದ್ದರು, ಬರುವುದು ಸಂಜೆ. ಸುಲೋಚನಾ ಬರುವುದು ಮಧ್ಯಾಹ್ನ.

"ಸಂಜೆವರೆಗೆ ಅವಳು ಎಂತ ಮಾಡ್ಬೇಕು? ಗೋಡೆ ನೋಡಿಕೊಂಡು ಕೂತ್ಕೊಳ್ಬೇಕಾ?"

"ಮೀನು ತಿಂದು ಮಲಗ್ಲಿ. ನೀನು ಆ ಪೆಟ್ಟಿಗೆ ಮುಟ್ಬೇಡ ಅಂದೆ, ಅಷ್ಟೇ."

ಹೀಗೆಂದು ಇವರು ತಂಗಿಗೆ ಕಾಣೆ ಮೀನು ತರಲು ಮಾರ್ಕೆಟಿಗೆ ಹೊರಟರು. ಮುಟ್ಟಬೇಡ ಎಂದು ಹೇಳಿ ಮನೆ ಬಿಟ್ಟು ಹೋಗುವವರನ್ನು ಎಂತ ಹೇಳುವುದು! ಇವರು ಗೇಟು ದಾಟುವ ಮೊದಲೇ ನಾನು ಹೊಲಿಗೆ ಮೆಷಿನಿನ ಡ್ರಾಯರಿನಿಂದ ಸ್ಕ್ರೂಡ್ರೈವರ್ ತೆಗೆದಿದ್ದೆ. ದಿನಕ್ಕೆ ಸಾವಿರ ಬೀಡಿ ಕಟ್ಟಿದ ಬೆರಳುಗಳಿವು. ಎಲೆ ಹರಿಯದಂತೆ ಸುತ್ತಿ, ಬಾಯಿ ಮಡಚಿ, ನೂಲು ಬಿಗಿದ ಬೆರಳುಗಳಿಗೆ ಒಂದು ಪೆಟ್ಟಿಗೆ ಯಾವ ಲೆಕ್ಕ?

ಬೆನ್ನು ಬಿಚ್ಚಿದೆ. ಒಳಗೆ ಜಿರಲೆಯ ಮೊಟ್ಟೆ, ಧೂಳು, ಮತ್ತೆ ಒಂದು ಮೂಲೆಯಲ್ಲಿ ಬೀಡಿ ಎಲೆಯ ಒಂದು ಚೂರು! ಒಣಗಿ ಕಪ್ಪಾಗಿತ್ತು. ಮೂಸಿ ನೋಡಿದೆ. ಬರೀ ಧೂಳಿನ ವಾಸನೆ. ಆದರೂ ಬಿಸಾಡಲಿಲ್ಲ, ಕಿಟಕಿಯ ಮೇಲಿಟ್ಟೆ. ಯಾಕೆ ಇಟ್ಟೆ ಎಂದು ಕೇಳಬೇಡಿ.

ಚಕ್ರ ತಿರುಗಿಸುವ ಮೋಟಾರು ಸಿಕ್ಕಿತು. ಅದರಿಂದ ಎರಡು ವಯರು ಹೊರಟು, ಒಂದು ಬಿಳಿ ಪ್ಲಾಸ್ಟಿಕ್ ತುಂಡಿನ ಮೂಲಕ ಪೆಟ್ಟಿಗೆಯೊಳಗಿನ ಸರ್ಕೀಟಿನ ಹಲಗೆಗೆ ಸಿಕ್ಕಿಕೊಂಡಿದ್ದವು. ಆ ತುಂಡಿಗೆ ಕನೆಕ್ಟರ್ ಎಂದು ಹೆಸರಿರುವುದು ನನಗೆ ಗೊತ್ತಾದದ್ದು ಸಂಜೆ. ಅಲ್ಲಿ ಹಸಿರು ಕಿಲುಬು ಹಿಡಿದಿತ್ತು. ರೋಗ ಸಿಕ್ಕಿತು! ಬಿಚ್ಚಿ ತೊಳೆದರೆ ಆಯಿತು.

ಎಳೆದೆ. ಬರಲಿಲ್ಲ. ಇಕ್ಕಳದಲ್ಲಿ ಹಿಡಿದು ಎಳೆದೆ. ಪೆಟ್ಟಿಗೆಯೇ ಬಂತು. ಪೆಟ್ಟಿಗೆಯನ್ನು ಕಾಲಲ್ಲಿ ಒತ್ತಿ ಎಳೆದೆ. ನಾನು ಕೂತಿದ್ದ ಸ್ಟೂಲು ಬಂತು! ತೆಂಗಿನೆಣ್ಣೆ ಬಿಟ್ಟು ಹತ್ತು ನಿಮಿಷ ಕಾದೆ. ಅದಕ್ಕೆ ತಲೆಸ್ನಾನ ಆಯಿತೇ ಹೊರತು ಮಿಸುಕಲಿಲ್ಲ.

ಕನ್ನಡಕ ಹಾಕಿ ಬಗ್ಗಿ ನೋಡಿದರೆ, ಅದರ ಒಂದು ಪಕ್ಕದಲ್ಲಿ ಚಿಕ್ಕ ಹಲ್ಲು. ಆ ಹಲ್ಲು ಹಲಗೆಯ ಕಡೆಯ ಒಂದು ಕೊಕ್ಕೆಯನ್ನು ಕಚ್ಚಿಕೊಂಡಿತ್ತು. ಓಹೋ! ಅಚ್ಚು ಹಾಕುವಾಗ ಹೆಚ್ಚಾಗಿ ಉಳಿದ ಪ್ಲಾಸ್ಟಿಕ್ ಎಂದು ತೀರ್ಮಾನಿಸಿದೆ. ಹಳೆಯ ಜ್ಞಾನೋದಯವೂ ಸರಿಯಾಗಿ ಆಗಲೇ ನೆನಪಾಗಬೇಕೇ? ತರಕಾರಿ ಹೆಚ್ಚುವ ಚೂರಿ ತಂದು ಹಲ್ಲನ್ನು ಕಿತ್ತೆ.

ಬಂತು! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು.

ಒಳಗಿನ ಕಡ್ಡಿಗಳನ್ನು ಹುಣಸೆಹುಳಿ ಹಾಕಿ ತಿಕ್ಕಿದೆ. ದೇವರ ದೀಪಕ್ಕೆ ಆಗುವುದು ಮೋಟಾರಿಗೆ ಯಾಕೆ ಆಗಬಾರದು? ಫಳಫಳ ಎಂದಿತು. ಒರೆಸಿ, ಬಿಸಿಲಿಗಿಟ್ಟು, ಮತ್ತೆ ಸಿಕ್ಕಿಸಿದೆ. ಕಳಚಿ ಬಿತ್ತು. ಸಿಕ್ಕಿಸಿದೆ. ಬಿತ್ತು. ಕಚ್ಚಿ ಹಿಡಿಯಲು ಹಲ್ಲಿಲ್ಲವಲ್ಲ! ಆದರೆ ಬೀಡಿ ಕಟ್ಟಿದವಳಿಗೆ ಕಟ್ಟಲು ಹೇಳಿಕೊಡಬೇಕೇ? ಡಬ್ಬಿಯಲ್ಲಿ ಹಳೆಯ ಬೀಡಿ ನೂಲಿನ ಉಂಡೆ ಇತ್ತು. ನಾಲ್ಕು ಸುತ್ತು ಸುತ್ತಿ, ಬೀಡಿಯ ಗಂಟು ಹಾಕಿದೆ. ಆ ಗಂಟು ಬಿಚ್ಚಿದ ಬ್ರಾಂಚಿನವರು ಹುಟ್ಟಿಲ್ಲ.

ಮಧ್ಯಾಹ್ನ ಸುಲೋಚನಾ ಬಂದಳು. ಮೊದಲು ಬ್ಯಾಗು ಇಡಲಿಲ್ಲ, ನೀರು ಕುಡಿಯಲಿಲ್ಲ, "ಎಲ್ಲಿ ಅತ್ತಿಗೆ?" ಎಂದಳು. ಊಟ ಆಗಲಿ ಎಂದರೆ ಕೇಳಲಿಲ್ಲ. ಮುಖ ತೊಳೆದು ಬಂದು, ಸೆರಗು ಸರಿ ಮಾಡಿ, ಪೆಟ್ಟಿಗೆಯ ಎದುರು ಕುಳಿತಳು. ಥೇಟ್ ಮಾಮಿಯ ಹಾಗೆಯೇ. ಮಾರ್ಕೆಟಿನಿಂದ ಆಗಷ್ಟೇ ಬಂದ ಇವರು ಮೀನಿನ ಚೀಲ ಹಿಡಿದುಕೊಂಡು ಬಾಗಿಲಲ್ಲೇ ನಿಂತರು.

ಗುಂಡಿ ಒತ್ತಿದೆ. ಚಕ್ರ ತಿರುಗಿತು! ನಾನು ಇವರ ಕಡೆ ನೋಡಿದ ನೋಟವನ್ನು ನೀವು ನೋಡಬೇಕಿತ್ತು.

ಮಾಮಿಯ ಸ್ವರ ಬಂತು. ಸ್ವರ ಅವರದ್ದೇ. ಭಾಷೆ ಮಾತ್ರ ಯಾವುದೋ!

"ಇದೆಂತ ಅಣ್ಣ, ಅರಬಿಯಾ?" ಎಂದಳು ಸುಲೋಚನಾ.

"ನಾನು ಅಲ್ಲಿ ಹನ್ನೆರಡು ವರ್ಷ ಇದ್ದವ. ಅರಬಿ ಹೀಗಿಲ್ಲ" ಎಂದರು ಇವರು. ಮರುಕ್ಷಣ ಕಿರುಚಿದರು. "ಚಕ್ರ ಉಲ್ಟಾ ತಿರುಗ್ತಾ ಉಂಟು ಮಾರಾಯ್ತಿ! ವಯರು ತೆಗಿ!"

ನಾನು ವಯರು ತೆಗೆಯಲಿಲ್ಲ. ಗಾಬರಿಯಲ್ಲಿ ನನಗೆ ಗೊತ್ತಿದ್ದ ಒಂದೇ ವಿದ್ಯೆ ಮಾಡಿದೆ. ಕ್ಯಾಸೆಟ್ಟನ್ನು ಹಿಡಿದು ಎಳೆದೆ! ಕ್ಯಾಸೆಟ್ಟು ಕೈಗೆ ಬಂತು, ಟೇಪು ಒಳಗೇ ಉಳಿಯಿತು. ಸೇಮಿಗೆ ಒತ್ತುವ ಒರಳಿನಿಂದ ಎಳೆ ಇಳಿದ ಹಾಗೆ ಮಾರುಗಟ್ಟಲೆ ಕಂದು ಬಣ್ಣದ ಟೇಪು ನನ್ನ ಮಡಿಲಿಗೆ ಇಳಿಯಿತು.

ಇವರು ಮೀನಿನ ಚೀಲ ಕೆಳಗಿಟ್ಟರು. ಬೈದಿದ್ದರೆ ಒಳ್ಳೆಯದಿತ್ತು. ಸುಲೋಚನಾ ನನ್ನ ಮಡಿಲನ್ನೇ ನೋಡುತ್ತ, "ಹೋಗ್ಲಿ ಬಿಡಿ ಅತ್ತಿಗೆ. ನನಗೆ ಅಮ್ಮನನ್ನು ನೋಡುವ ಯೋಗ ಇಲ್ಲ, ಕೇಳುವ ಯೋಗವೂ ಇಲ್ಲ" ಎಂದಳು. ಆ ಕಾಣೆ ಮೀನಿನ ಸಾರನ್ನು ಅಂದು ಮೂವರೂ ಔಷಧಿ ಕುಡಿದ ಹಾಗೆ ಉಂಡೆವು.

ಸಂಜೆ ಹಮೀದಾಕ ಬಂದರು. ಪೆಟ್ಟಿಗೆಯೊಳಗೆ ಟಾರ್ಚು ಬಿಟ್ಟು ತುಂಬಾ ಹೊತ್ತು ನೋಡಿದರು.

"ಅಕ್ಕ, ಹುಳಿ ವಾಸನೆ ಬರ್ತಾ ಉಂಟಲ್ಲ?"

"ಹುಣಸೆಹುಳಿ."

"ಎಣ್ಣೆ?"

"ತೆಂಗಿನೆಣ್ಣೆ."

"ಇನ್ನು ಮೆಣಸು ಒಂದು ಹಾಕಿದ್ರೆ ಪುಳಿಮುಂಚಿ ಸಾರು ಆಗ್ತಿತ್ತು" ಎಂದರು. ಮತ್ತೆ ಕನೆಕ್ಟರನ್ನು ತಿರುಗಿಸಿ ನೋಡಿ, "ಇದರ ಹಲ್ಲು ಎಲ್ಲಿ?"

"ಗುಡಿಸಿ ಬಿಸಾಡಿದೆ."

ಹಮೀದಾಕ ಹಣೆ ಒತ್ತಿಕೊಂಡರು. "ಅಕ್ಕ, ಅದು ಲಾಕು. ಬೆರಳಲ್ಲಿ ಹೀಗೆ ಮೆಲ್ಲ ಒತ್ತಿದ್ರೆ ಸಾಕು, ತನ್ನಷ್ಟಕ್ಕೆ ಬಿಡ್ತದೆ. ವಯರು ಕಳಚಿ ಬೀಳದ ಹಾಗೆ ಹಿಡಿಯುವುದೂ ಅದೇ, ಉಲ್ಟಾ ಹಾಕಿದ್ರೆ ಒಳಗೆ ಹೋಗದ ಹಾಗೆ ತಡೆಯುವುದೂ ಅದೇ. ನೀವು ಹಲ್ಲು ಕಿತ್ತು ಉಲ್ಟಾ ಸಿಕ್ಕಿಸಿದ್ದೀರಿ. ಮೋಟಾರು ಉಲ್ಟಾ ತಿರುಗಿತು. ಒತ್ತುವುದು ಬಿಟ್ಟು ಎಳೆದದ್ದು ಯಾಕೆ?"

ಇವರು ಮೂಲೆಯಲ್ಲಿ ಕೆಮ್ಮಿದರು. ಅದು ಕೆಮ್ಮಲ್ಲ, ನಗು.

ಹಮೀದಾಕ ನನ್ನ ಗಂಟನ್ನು ಬಿಚ್ಚಲು ನೋಡಿದರು. ಆಗಲಿಲ್ಲ. ಕತ್ತರಿಸಬೇಕಾಯಿತು! ಕನೆಕ್ಟರನ್ನು ಸರಿಯಾಗಿ ತಿರುಗಿಸಿ ಸಿಕ್ಕಿಸಿದರು. ಅದೂ ಕಳಚಿ ಬಿತ್ತು. ಆಗ ಗಂಟಲು ಸರಿಮಾಡಿಕೊಂಡು, "ಅಕ್ಕ, ಆ ನೂಲು ಇನ್ನೂ ಉಂಟಾ?" ಎಂದರು. ಇಡೀ ದಿನದಲ್ಲಿ ನನಗೆ ಸಿಕ್ಕಿದ ಮರ್ಯಾದೆ ಅಷ್ಟೇ.

ಅವರು ಚಕ್ರಕ್ಕೆ ಸಿಕ್ಕಿದ ಟೇಪನ್ನು ಬಿಡಿಸಿ ಕೊಟ್ಟರು. ಸುಲೋಚನಾ ಮತ್ತು ನಾನು ಜಗಲಿಯಲ್ಲಿ ಎದುರುಬದುರು ಕುಳಿತೆವು. ಅವಳು ಸಿಕ್ಕು ಬಿಡಿಸಿ ಕೊಡುವುದು, ನಾನು ಪೆನ್ಸಿಲು ತೂರಿಸಿ ಸುತ್ತುವುದು. ಹಿಂದೆ ಅವಳು ಎಲೆ ಕತ್ತರಿಸಿ ಕೊಡುತ್ತಿದ್ದಳು, ನಾನು ಸುತ್ತುತ್ತಿದ್ದೆ. ಆಗಲೂ ಹೀಗೇ ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಈಗ ತಾಗಿದರೆ ಇಬ್ಬರಿಗೂ ನೋವು.

"ಅತ್ತಿಗೆ, ನೆನಪುಂಟಾ? ನಾನು ಎಲೆ ಸಣ್ಣ ಕತ್ತರಿಸಿದ್ರೆ ಅಮ್ಮ ಕತ್ತರಿಯಲ್ಲೇ ಕೈಗೆ ಕುಟ್ಟುತ್ತಿದ್ದಳು."

"ನಿನಗೆ ಕತ್ತರಿ. ನನಗೆ ನಾಲಿಗೆ. ಪುಣ್ಯ ಮಾಡಿದ್ದೆ ನೀನು" ಎಂದೆ. ಅವಳು ನಕ್ಕಳು. ಬಂದ ಮೇಲೆ ಮೊದಲ ಸಲ.

ಕ್ಯಾಸೆಟ್ಟು ಹಾಕಿ ಹಮೀದಾಕ ಗುಂಡಿ ಒತ್ತಿದರು. ನನ್ನನ್ನು ಹತ್ತಿರ ಬಿಡಲಿಲ್ಲ. ಟೇಪು ಮಡಚಿದ ಕಡೆ ಸ್ವರ ಸ್ವಲ್ಪ ನಡುಗಿತು, ಮತ್ತೆ ಸರಿಯಾಯಿತು.

"ಮಗಾ, ಕೇಳ್ತದಾ? ಸುಲೋಚನಳಿಗೆ ಜ್ವರ ಬಿಟ್ಟಿತು. ರಾತ್ರಿ ಗಂಜಿ ಕುಡಿದಳು. ಪಾಪದ ಹುಡುಗಿ..."

ಸುಲೋಚನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇವರು ಛಾವಣಿ ನೋಡಿದರು. ನನ್ನ ಕಣ್ಣಿಗೂ ಧೂಳು ಬಿತ್ತು. ಪೆಟ್ಟಿಗೆಯಲ್ಲಿ ಧೂಳು ತುಂಬಾ ಇತ್ತಲ್ಲ.

ಆಗ ಮಾಮಿ ಸ್ವರ ತಗ್ಗಿಸಿದರು.

"ನಿನ್ನ ಹೆಂಡತಿ ಬೀಡಿ ಕೊಡಲು ಹೋಗಿದ್ದಾಳೆ, ಅದಕ್ಕೆ ಹೇಳುವುದು. ಮೊನ್ನೆ ಟಾರ್ಚಿನ ಗುಂಡಿ ಕಿತ್ತು ಹಾಕಿದಳು. ನಿನ್ನೆ ಕೊಡೆಯ ಕಡ್ಡಿ. ಒಳ್ಳೆಯವಳೇ, ಕೆಲಸಕ್ಕೆ ಮೈ ಬಗ್ಗಿಸ್ತಾಳೆ. ಆದರೆ ಯಾವುದನ್ನೂ ಮೆಲ್ಲ ಒತ್ತಿ ಗೊತ್ತಿಲ್ಲ ಅವಳಿಗೆ. ಎಳೆಯುವುದೇ! ಈ ಪೆಟ್ಟಿಗೆ ಮಾತ್ರ ಅವಳ ಕೈಗೆ ಕೊಡಬೇಡ ಮಗಾ."

"ಆಯ್ತು ಮಾಮಿ" ಎಂದೆ. ಅಭ್ಯಾಸಬಲ! ಎದ್ದು ನಿಂತೂ ಆಗಿತ್ತು.

ಮೂವರೂ ಹೊಟ್ಟೆ ಹಿಡಿದು ನಕ್ಕರು. ಸುಲೋಚನಾ ಕಣ್ಣೊರೆಸಿಕೊಂಡು, "ಇನ್ನೊಮ್ಮೆ ಹಾಕಿ" ಎಂದಳು. ಮೂರು ಸಲ ಹಾಕಿಸಿದಳು. ಮೂರು ಸಲವೂ ಬೈಗಳು ನನಗೇ. ಕೊನೆಗೆ ಅದನ್ನು ಮೊಬೈಲಿನಲ್ಲಿ ತುಂಬಿಸಿಕೊಂಡು ಬೊಂಬಾಯಿಗೆ ಹೋದಳು. ಈಗ ಅಲ್ಲಿ ಅವಳ ಮೊಮ್ಮಕ್ಕಳೂ ನನ್ನ ಗುಣಗಾನ ಕೇಳುತ್ತಿದ್ದಾರಂತೆ.

ಅಂದು ಆ ಕ್ಯಾಸೆಟ್ಟಿನ ತುಂಡನ್ನು ನಾನು ಮುರಿಯದೇ ಇದ್ದಿದ್ದರೆ ಅದರ ಮೇಲೆ ಯಕ್ಷಗಾನದ ಚೆಂಡೆ ಬಡಿಯುತ್ತಿತ್ತು. ಈ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲ. ನಾನು ಎಲ್ಲವನ್ನೂ ಮುರಿಯುತ್ತೇನೆ ಎನ್ನುವುದಕ್ಕೆ ಲೋಕದಲ್ಲಿ ಉಳಿದಿದ್ದ ಒಂದೇ ಸಾಕ್ಷಿಯನ್ನು ಮುರಿದು ಕಾಪಾಡಿದವಳು ನಾನೇ!